ಕರೆಯದೆ ಹೋಗುವ ಡಾಕ್ಟರ ಲೆಕ್ಕಪುಸ್ತಕ

"ನೀನು ಡಾಕ್ಟರೋ ಪೋಸ್ಟ್‌ಮ್ಯಾನೋ?" ಅಂತ ನಮ್ಮ ಡಾಕ್ಟರುಗಳ ಕೂಟದಲ್ಲಿ ಹಿರಿಯರೊಬ್ಬರು ಎಲ್ಲರೆದುರೇ ಕೇಳಿದ್ದರು. 2017ರ ಮಳೆಗಾಲ. ವಾರಕ್ಕೆರಡು ಮಧ್ಯಾಹ್ನ ಕ್ಲಿನಿಕ್ ಬಾಗಿಲು ಹಾಕಿ, ಯಾರೂ ಕರೆಯದಿದ್ದರೂ ವಯಸ್ಸಾದವರ ಮನೆಗೆ ಹೋಗಿಬರುತ್ತೇನೆ ಅಂದಿದ್ದೆ. ಇನ್ನೊಬ್ಬರು ಅಲ್ಲೇ ಪೆಟ್ರೋಲ್ ಲೆಕ್ಕ ಹಾಕಿ ನನಗೆ ಆರು ತಿಂಗಳ ಗಡುವು ಕೊಟ್ಟರು. ಎಂಟು ವರ್ಷವಾಯಿತು, ನಿಂತಿಲ್ಲ. ಹೇಗೆ ನಡೆಸುತ್ತೀರಿ ಅಂತ ಈಗ ಬೇರೆ ತಾಲ್ಲೂಕಿನವರು ಫೋನ್ ಮಾಡುತ್ತಾರೆ. ಪ್ರತಿಯೊಬ್ಬರಿಗೂ ಅದನ್ನೇ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ತೀರ್ಥಹಳ್ಳಿ ಕಡೆ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ಗುಡ್ಡ, ಒಂದು ಹಳ್ಳ. ಮಕ್ಕಳು ಬೆಂಗಳೂರಲ್ಲಿ, ಕೆಲವರು ಅದರಾಚೆ. ಮನೆಯಲ್ಲಿ ಎಂಬತ್ತು ದಾಟಿದ ಇಬ್ಬರು, ಒಂದು ನಾಯಿ, ತೋಟ ನೋಡುವ ಒಬ್ಬ ಆಳು. ನಾನು ಆರಿಸಿಕೊಂಡದ್ದು ಹಾಸಿಗೆ ಹಿಡಿದವರನ್ನಲ್ಲ, ಪೇಟೆಗೆ ಬಸ್ಸಲ್ಲಿ ಬಂದುಹೋಗುವವರನ್ನೂ ಅಲ್ಲ. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುವವರನ್ನು. ರಾಕ್‌ವುಡ್ ಸ್ಕೇಲಿನಲ್ಲಿ, ಅಂದರೆ ವಯಸ್ಸಾದವರು ಎಷ್ಟು ನಿಶ್ಶಕ್ತರು ಅಂತ ಅಳೆಯುವ ಪಟ್ಟಿಯಲ್ಲಿ, 5ರಿಂದ 7. ಒಂದು ಸಣ್ಣ ಜ್ವರ, ಒಂದು ಹೆಚ್ಚಿನ ಮಾತ್ರೆ ಸಾಕು, ಇವರು ಮತ್ತೆ ಏಳುವುದಿಲ್ಲ.

ಮೊದಲ ಸಲ ಮಾಡಿದ ತಪ್ಪು ಫೀಸಿನದು. ಒಂದು ಭೇಟಿಗೆ 300 ರೂಪಾಯಿ ಅಂತ ಇಟ್ಟೆ. ನಾನಾಗಿ ಹೋದರೆ ಬಿಲ್ ಮಾಡಲು ಬಂದ ಅಂದುಕೊಳ್ಳುತ್ತಾರೆ ಎಂಬ ಸಂಕೋಚಕ್ಕೆ, ಕರೆದಾಗ ಹೋಗುವುದು ಅಂತ ನಾನೇ ಬದಲಾಯಿಸಿಕೊಂಡೆ. ಅಲ್ಲಿಗೆ ಎಲ್ಲ ಕೆಟ್ಟಿತು. "ಸುಮ್ನೆ ಡಾಕ್ಟ್ರಿಗೆ ಯಾಕೆ ತೊಂದ್ರೆ" ಅಂತ ನಾಲ್ಕು ದಿನ ಕಾದು, ಐದನೇ ದಿನ ಉಸಿರು ಕಟ್ಟಿದಾಗ ಫೋನ್ ಮಾಡುತ್ತಿದ್ದರು. ನಾನು ಹೋಗಿ ಮಾಡುತ್ತಿದ್ದ ಕೆಲಸ 108ಕ್ಕೆ ಫೋನ್ ಮಾಡುವುದು. ಆ ವರ್ಷ ಸಿಸ್ಟರ್ ಸಂಬಳ, ಪೆಟ್ರೋಲ್, ಕ್ಲಿನಿಕ್ ಮುಚ್ಚಿದ ಮಧ್ಯಾಹ್ನಗಳು ಎಲ್ಲ ಸೇರಿ ಒಂದೂವರೆ ಲಕ್ಷ ಕೈಬಿಟ್ಟಿತು. ಹೆಂಡತಿ ಏನೂ ಅನ್ನಲಿಲ್ಲ. ಅನ್ನದಿರುವುದೇ ಹೆಚ್ಚು ಚುಚ್ಚಿತು.

ಆಮೇಲೆ ಕೇರಳದ ಹುಚ್ಚು ಹಿಡಿಯಿತು. ಕೋಳಿಕ್ಕೋಡಿನಲ್ಲಿ 1993ರಲ್ಲಿ ಶುರುವಾದ ಪ್ಯಾಲಿಯೇಟಿವ್ ಕೆಲಸ (ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸಿ ನೋಡಿಕೊಳ್ಳುವುದು), ಅದರಿಂದ ಬೆಳೆದ ನೆರೆಹೊರೆಯ ಸ್ವಯಂಸೇವಕರ ಜಾಲ, 2008ರಲ್ಲಿ ಸರ್ಕಾರವೇ ನೀತಿ ಮಾಡಿದ್ದು ನಿಮಗೆ ಗೊತ್ತೇ ಇದೆ. ಹೋಗಿ ನೋಡಿ ಬಂದೆ, ಕಣ್ಣು ತುಂಬಿ ಬಂತು. ಇಲ್ಲಿ ಹನ್ನೆರಡು ಯುವಕರನ್ನು ಸೇರಿಸಿ, ಬಿಪಿ ನೋಡುವುದು ಕಲಿಸಿ, ಪ್ರತಿಯೊಬ್ಬರಿಗೂ ಮೂರು ಮನೆ ಕೊಟ್ಟೆ. ಕೊಯ್ಲು ಶುರುವಾದ ವಾರವೇ ಹನ್ನೊಂದು ಜನ ಮಾಯ. ತಪ್ಪು ಅವರದ್ದಲ್ಲ. ಅಲ್ಲಿ ಮನೆಗೆ ಮನೆ ತಾಗಿಕೊಂಡಿದೆ, ಸಂಜೆ ಹೋಗಿಬರಬಹುದು. ನಮ್ಮಲ್ಲಿ ಪಕ್ಕದ ಮನೆ ಅಂದರೆ ಉಂಬಳ (ಜಿಗಣೆ) ಹತ್ತುವ ಎರಡು ಹಳ್ಳ ದಾಟಿ ಹೋಗಬೇಕು. ಉಳಿದ ಆ ಒಬ್ಬ ಹುಡುಗ ಈಗಲೂ ನನ್ನ ಜತೆಗಿದ್ದಾನೆ, ಮಳೆಗಾಲದಲ್ಲಿ ಜೀಪ್ ಓಡಿಸುವವನು ಅವನೇ.

ದಾರಿ ತೋರಿಸಿದ್ದು ಒಬ್ಬ ಅಜ್ಜ. "ತಿಂಗ್ಳು ತಿಂಗ್ಳು ದುಡ್ಡು ನಮ್ಮ ಕೈಲಿ ಎಲ್ಲಿರ್ತದೆ ಡಾಕ್ಟ್ರೇ? ಮಂಡಿಗೆ ಅಡಿಕೆ ಬಿಟ್ಟ ಮೇಲೆ ಒಟ್ಟಿಗೆ ತಗಳಿ" ಅಂದರು. ಅಂಗಡಿಯವರಿಗೆ, ಅಡಿಕೆ ಕೊನೆ ಇಳಿಸುವ ಕೊನೆಗೌಡನಿಗೆ ಹಾಗೇ ಕೊಡುತ್ತಾರಲ್ಲ, ನನಗೇಕೆ ಹೊಳೆಯಲಿಲ್ಲವೋ. 2019ರಿಂದ ವರ್ಷದ ಫೀಸು. ತೋಟದ ಮನೆಗಳಿಗೆ ಆಗ ಆರು ಸಾವಿರ, ಈಗ ಒಂಬತ್ತು. ಕೂಲಿ ಮನೆಗಳಿಗೆ ಸಾವಿರ, ಅದೂ ಆದರೆ. ಕೊಟ್ಟಾಗಿದೆ ಎಂಬ ಕಾರಣಕ್ಕೇ ಸಣ್ಣ ವಿಷಯಕ್ಕೂ ಫೋನ್ ಮಾಡತೊಡಗಿದರು. ನನಗೆ ಬೇಕಾದದ್ದು ಅದೇ. "ನಿನ್ನೆಯಿಂದ ಯಾಕೋ ಗಂಜಿ ಸೇರ್ತಿಲ್ಲ" ಎಂಬ ಫೋನು ನನ್ನ ಮಟ್ಟಿಗೆ ಅರ್ಧ ಡಯಾಗ್ನೋಸಿಸ್. ಮುದುಕರ ನ್ಯುಮೋನಿಯಾಕ್ಕೆ ಎಷ್ಟೋ ಸಲ ಜ್ವರವೂ ಇಲ್ಲ, ಕೆಮ್ಮೂ ಇಲ್ಲ. ಊಟ ಬಿಡುತ್ತಾರೆ, ಅಷ್ಟೆ.

ಇನ್ನು ಮಾತ್ರೆಗಳು. ಮೊದಲ ಭೇಟಿಯಲ್ಲಿ ನಾನು ಸ್ಟೆತಸ್ಕೋಪ್ ತೆಗೆಯುವುದಿಲ್ಲ. ಮನೆಯಲ್ಲಿರುವ ಮಾತ್ರೆಯೆಲ್ಲ ಚಾಪೆ ಮೇಲೆ ಸುರಿಸುತ್ತೇನೆ. ಚೀಟಿಯಲ್ಲಿ ಒಂಬತ್ತು ಇದ್ದರೆ ಚಾಪೆ ಮೇಲೆ ಹದಿನಾಲ್ಕು ಬಗೆ ಇರುತ್ತದೆ. ದೇವರ ಗೂಡಿನ ಹಿಂದೆ, ಅಕ್ಕಿ ಡಬ್ಬದ ಮೇಲೆ, ಎಲೆಅಡಿಕೆ ತಟ್ಟೆಯಲ್ಲಿ. ಅಡಗಿಸಿಟ್ಟದ್ದನ್ನು ಹೊರಗೆ ತೆಗೆಸಲು ನಾನು ಕೇಳುವ ಒಂದು ಪ್ರಶ್ನೆ ಇದೆ, ಈವರೆಗೆ ಸೋತಿಲ್ಲ. ಅದನ್ನು ಇಲ್ಲಿ ಬರೆದರೆ ನಮ್ಮ ಅಜ್ಜಿಯರ ಮೊಮ್ಮಕ್ಕಳು ಓದಿ ಹೇಳಿಬಿಡುತ್ತಾರೆ, ಬೇಡ.

ವಯಸ್ಸಾದವರಿಗೆ ಯಾವ ಮಾತ್ರೆ ಕೊಡಬಾರದು ಅಂತ ಹೇಳುವ ಬೀರ್ಸ್ ಪಟ್ಟಿ, ಸ್ಟಾಪ್ ಪಟ್ಟಿ ಎರಡನ್ನೂ ಪ್ರಿಂಟ್ ತೆಗೆದು ಜೇಬಲ್ಲಿಟ್ಟುಕೊಂಡಿದ್ದೆ. ವರ್ಷ ಕಳೆದ ಮೇಲೆ ನೋಡಿದರೆ ನಮ್ಮ ಕಡೆ ಮತ್ತೆ ಮತ್ತೆ ಸಿಗುವುದು ಐದಾರು ಮಾತ್ರ. ಅದರಲ್ಲಿ ದೊಡ್ಡ ಖಳ ತಲೆಸುತ್ತಿಗೆ ಕೊಡುವ ಸಿನ್ನರಿಜಿನ್. ಒಬ್ಬ ಅಮ್ಮ, ಎಪ್ಪತ್ತೊಂಬತ್ತು ವಯಸ್ಸು. ತಲೆ ತಿರುಗುತ್ತದೆ ಅಂತ ಯಾವಾಗಲೋ ಹದಿನೈದು ದಿನಕ್ಕೆ ಬರೆದುಕೊಟ್ಟ ಮಾತ್ರೆ ನಾಲ್ಕು ವರ್ಷ ನುಂಗಿದ್ದಾರೆ. ಆ ಮಾತ್ರೆಯಿಂದಲೇ ಮುಖ ಮರಗಟ್ಟಿತು, ಕೈ ನಡುಗಿತು, ಹೆಜ್ಜೆ ಸಣ್ಣದಾಯಿತು. ಅದಕ್ಕೆ ಇನ್ನೊಂದು ಕಡೆ ಪಾರ್ಕಿನ್ಸನ್ ಅಂತ ಲೆವೊಡೋಪಾ. ಅದರಿಂದ ನಿಂತರೆ ಬಿಪಿ ಇಳಿದು ಮತ್ತೆ ತಲೆಸುತ್ತು, ಸಿನ್ನರಿಜಿನ್ ಡೋಸ್ ಹೆಚ್ಚು. ಮೊದಲು ಸಿನ್ನರಿಜಿನ್ ನಿಲ್ಲಿಸಿದೆ. ಎರಡು ತಿಂಗಳು ಏನೂ ಆಗಲಿಲ್ಲ, ಮಗಳು ಫೋನಿನಲ್ಲಿ ಬೈದರು. ಐದನೇ ತಿಂಗಳು ಹೋದಾಗ ಅಮ್ಮ ಜಗಲಿಯಲ್ಲಿರಲಿಲ್ಲ, ಕೊಟ್ಟಿಗೆಯಲ್ಲಿ ಹಿಂಡಿ ಕಲಸುತ್ತಿದ್ದರು. ಲೆವೊಡೋಪಾವನ್ನೂ ಆಮೇಲೆ ಇಳಿಸುತ್ತಾ ಬಿಡಿಸಿದೆವು. ಎಲ್ಲರಿಗೂ ಹೀಗಾಗುತ್ತದೆ ಅಂತಲ್ಲ. ಇನ್ನೊಬ್ಬರಿಗೆ ನಿಜವಾದ ಪಾರ್ಕಿನ್ಸನ್ನೇ ಇತ್ತು, ನಿಲ್ಲಿಸಿದ್ದರಿಂದ ಲಾಭವಾಗಲಿಲ್ಲ.

ಈ ಉಮೇದಿಯಲ್ಲೇ ಎಡವಿದೆ. ಮಾತ್ರೆ ಕಿತ್ತುಹಾಕುವುದೇ ದೊಡ್ಡಸ್ತಿಕೆ ಅನ್ನಿಸಿ ಒಬ್ಬ ಅಜ್ಜಿಯ ನಿದ್ದೆ ಮಾತ್ರೆ ಅಲ್ಪ್ರಾಜೋಲಾಮ್ ಒಂದೇ ಸಲಕ್ಕೆ ನಿಲ್ಲಿಸಿದೆ. ಮೂರು ರಾತ್ರಿ ನಿದ್ದೆ ಇಲ್ಲ, ನಾಲ್ಕನೇ ದಿನ ಸತ್ತ ಗಂಡನ ಜತೆ ಮಾತು. ಶಿವಮೊಗ್ಗದಲ್ಲಿ ಅಡ್ಮಿಟ್ ಆದರು. ಮೆಡಿಕಲ್ ಕಾಲೇಜಿನಲ್ಲಿ ಕಲಿತ ಮಾತನ್ನೇ ಮರೆತಿದ್ದೆ, ನಾಚಿಕೆಯಾಯಿತು. ಆ ಮನೆ ನನ್ನ ಪಟ್ಟಿ ಬಿಟ್ಟಿತು, ಮತ್ತೆ ಸೇರಲಿಲ್ಲ. ಈಗ ಒಂದು ಸಲಕ್ಕೆ ಒಂದೇ ಮಾತ್ರೆ, ನಿದ್ದೆ ಮಾತ್ರೆಯಾದರೆ ಕಾಲು ಭಾಗ, ಕಾಲು ಭಾಗ, ಮೂರು ತಿಂಗಳವರೆಗೆ. ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಕೂಡ ಹಾಗೇ. ದಿಢೀರ್ ನಿಲ್ಲಿಸಿದರೆ ಹುಳಿತೇಗು ಜಾಸ್ತಿಯಾಗಿ "ನಿಮ್ಮ ಮದ್ದು ಸರಿಯಿಲ್ಲ" ಅನ್ನುತ್ತಾರೆ.

ಸಕ್ಕರೆಯ ವಿಷಯದಲ್ಲಿ ಜಗಳ ಮಕ್ಕಳ ಜತೆ. ಅಪ್ಪನ ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ ಅಳತೆ) 6.2 ಅಂತ ಮಗನಿಗೆ ಹೆಮ್ಮೆ. ಅಪ್ಪ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ನುಂಗಿ ಒಂದು ಸೌಟು ಗಂಜಿ ಕುಡಿದು ಬೆಳಗಿನ ಜಾವ ಬೆವರುತ್ತಾರೆ. ಒಂದು ದಿನ ನಸುಕಿನಲ್ಲೇ ಹೋಗಿ ನೋಡಿದೆ, ಸಕ್ಕರೆ 54ಕ್ಕೆ ಇಳಿದಿತ್ತು. "ಆ ಸರಾಸರಿ 8ರ ಹತ್ತಿರ ಇರಲಿ" ಅಂದರೆ ಮಗ ಬೆಂಗಳೂರಿನ ತಜ್ಞರಿಗೆ ಫೋನ್ ಮಾಡಿದರು, ಪುಣ್ಯಕ್ಕೆ ಅವರೂ ಅದನ್ನೇ ಹೇಳಿದರು.

ಏಳು ದಿನದ ಮಾತ್ರೆ ಡಬ್ಬ ನಲವತ್ತು ತರಿಸಿದ್ದೆ, ಒಂದಕ್ಕೆ 120 ರೂಪಾಯಿ. ಗಂಟು ಬೆರಳಿಗೆ ಮುಚ್ಚಳ ಬಿಚ್ಚಲು ಬರುವುದಿಲ್ಲ. ಒಬ್ಬರು ಅದರಲ್ಲಿ ಲವಂಗ, ಏಲಕ್ಕಿ ತುಂಬಿಸಿಟ್ಟಿದ್ದರು, ನೋಡಲು ಚೆನ್ನಾಗಿತ್ತು. ಆಮೇಲೆ ಬೆಳಗಿನದು ರಾತ್ರಿಯದು ಬೇರೆ ಬೇರೆ ಪೊಟ್ಟಣ ಕಟ್ಟಿ ಗೋಡೆಯ ಕ್ಯಾಲೆಂಡರಿಗೆ ಸ್ಟೇಪಲ್ ಮಾಡಿಸಿದೆ. ಒಂದು ಪಿನ್ನು ಚಟ್ನಿ ಬಟ್ಟಲಲ್ಲಿ ಸಿಕ್ಕಿತು, ಅಲ್ಲಿಗೆ ಸ್ಟೇಪ್ಲರ್ ಬಂದ್. ಈಗ ನೂಲಲ್ಲಿ ಪೋಣಿಸುತ್ತೇವೆ, ಹೂ ಕಟ್ಟಿದ ಹಾಗೆ. ನಮ್ಮ ಸಿಸ್ಟರ್ ಕೈಚಳಕ ಅದು.

ರಕ್ತ ಪರೀಕ್ಷೆ ಇನ್ನೊಂದು ಗೋಳು. ಮಳೆಗಾಲದಲ್ಲಿ ಒಬ್ಬ ಅಜ್ಜ ಮಂಕಾದರು, ಲುಂಗಿ ತಲೆಗೆ ಸುತ್ತಿಕೊಂಡರು. ಮನೆಯವರು "ಅರಳು ಮರಳು" ಅಂದರು. ಬಿಪಿ ಮಾತ್ರೆಯೊಳಗೆ ಮೂತ್ರ ಹೆಚ್ಚಿಸಿ ಸೋಡಿಯಂ ಇಳಿಸುವ ಹೈಡ್ರೋಕ್ಲೋರೋಥಯಜೈಡ್ ಸೇರಿತ್ತು. ಸೋಡಿಯಂ 121, ತೀರಾ ಕಡಿಮೆ. ಆಸ್ಪತ್ರೆಯಲ್ಲಿ ನಾಲ್ಕು ದಿನದಲ್ಲಿ ನಿಧಾನವಾಗಿ ಏರಿಸಿದರು, ಬಂದವರೇ ಅಡಿಕೆ ರೇಟು ಕೇಳಿದರು. ಅಲ್ಲಿಂದ ಎಲ್ಲರಿಗೂ ಸೋಡಿಯಂ ಪೊಟ್ಯಾಸಿಯಂ ಮಾಡಿಸಿದೆ. ನೋಡಿದರೆ ಅರ್ಧ ಜನಕ್ಕೆ ಪೊಟ್ಯಾಸಿಯಂ 6ರ ಮೇಲೆ, ಹೃದಯಕ್ಕೆ ಅಪಾಯದ ಮಟ್ಟ! ಒಂದು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಗೊತ್ತಾಯಿತು, ಬೈಕಿನ ಡಿಕ್ಕಿಯಲ್ಲಿ ಗುಂಡಿ ರಸ್ತೆಯಲ್ಲಿ ಕುಲುಕಿ ರಕ್ತಕಣ ಒಡೆದು ಅದರೊಳಗಿನ ಪೊಟ್ಯಾಸಿಯಂ ಹೊರಗೆ ಬಂದಿತ್ತು. ಎಂಟು ಸಾವಿರಕ್ಕೆ ಸಣ್ಣ ಸೆಂಟ್ರಿಫ್ಯೂಜ್ ಕೊಂಡು ಜೀಪಿನಲ್ಲಿಟ್ಟೆ. ರಕ್ತ ಹೆಪ್ಪುಗಟ್ಟಲು ಅರ್ಧ ಗಂಟೆ ಬಿಟ್ಟು, ಅವರದೇ ಮನೆಯ ಪ್ಲಗ್ಗಿಗೆ ಹಾಕಿ ತಿರುಗಿಸಿ, ಸೀರಂ (ಮೇಲೆ ನಿಲ್ಲುವ ತಿಳಿ) ಬೇರೆ ಮಾಡಿಯೇ ಹೊರಡುತ್ತೇವೆ. ಆ ಅರ್ಧ ಗಂಟೆಯಲ್ಲಿ ಕಾಫಿ ಬರುತ್ತದೆ, ನಿಜವಾದ ಕತೆಯೂ ಆಗಲೇ ಬರುತ್ತದೆ.

ಬೀಳುವುದಕ್ಕೆ ಬಚ್ಚಲೇ ಮೂಲ. ಹಾವಸೆ, ಎತ್ತರದ ಹೊಸಿಲು, ರಾತ್ರಿ ಹೋಗುವ ಕರೆಂಟು. ಕೈಹಿಡಿಗೆ ಅಡಿಕೆ ದಬ್ಬೆ ಕಟ್ಟಿಸಿದ್ದೆ, ಖರ್ಚಿಲ್ಲ ಅಂತ ಬೀಗಿದ್ದೆ. ಎರಡನೇ ಮಳೆಗಾಲಕ್ಕೆ ಒಂದು ಕುಂಬಾಗಿ ಹಿಡಿದವರ ಸಮೇತ ಬಂತು. ಮಣಿಕಟ್ಟು ಮುರಿಯಿತು, ಸೊಂಟ ಉಳಿಯಿತು. ಈಗ ಜಿಐ ಪೈಪ್, ವೆಲ್ಡಿಂಗ್ ಸೇರಿ ಏಳೆಂಟುನೂರು. ಪೈಪ್ ಎಲ್ಲಿ ಬರಬೇಕು ಅನ್ನುವುದಕ್ಕೆ ಟೇಪ್ ಬೇಡ. ಅವರು ಈಗಾಗಲೇ ಹಿಡಿಯುವ ಜಾಗದಲ್ಲಿ ಗೋಡೆಯ ಸುಣ್ಣ ಕಪ್ಪಾಗಿರುತ್ತದೆ, ಅಲ್ಲೇ.

ಒಂದು ಪಕ್ಕದ ಪ್ರಯೋಗ. ತೂಕದ ಯಂತ್ರ ಹೊತ್ತು ತಿರುಗುವುದು ಬೇಜಾರಾಗಿ, ಅಮ್ಮಂದಿರ ಗಾಜಿನ ಬಳೆ ತೋಳಿನ ಮೇಲೆ ಎಲ್ಲಿಯವರೆಗೆ ಏರುತ್ತದೆ ಅಂತ ಪೆನ್ನಿನಲ್ಲಿ ಗುರುತಿಟ್ಟು ಬರೆದುಕೊಳ್ಳತೊಡಗಿದೆ. ತೂಕ ಎರಡು ಮೂರು ಕಿಲೋ ಇಳಿದರೆ ಬಳೆ ಎರಡು ಬೆರಳು ಮೇಲೆ ಹೋಗುತ್ತದೆ ಎಂದು ನನ್ನ ಅಂದಾಜು. ಯಾವ ಜರ್ನಲ್ಲೂ ಹಾಕಿಕೊಳ್ಳುವುದಿಲ್ಲ. ಗಂಡಸರಿಗೆ ಉಡಿದಾರ ನೋಡೋಣ ಅಂದರೆ ಸಿಸ್ಟರ್ ಒಪ್ಪಲಿಲ್ಲ.

ಮಕ್ಕಳಿಗಾಗಿ ವಾಟ್ಸಾಪ್ ಗುಂಪು ಮಾಡಿದ್ದೂ ಮುಳುವಾಯಿತು. ಅಮೆರಿಕದ ಹಗಲು ನನ್ನ ರಾತ್ರಿ. ಈಗ ಮನೆಗೊಬ್ಬರು ಮಾತ್ರ, ತಿಂಗಳಿಗೊಂದು ಧ್ವನಿ ಸಂದೇಶ, ಎರಡು ನಿಮಿಷ.

ಲೆಕ್ಕ ಕೇಳುವವರಿಗೆ ನೆನಪಿನಿಂದ ಹೇಳುತ್ತೇನೆ, ಮೊದಲೆರಡು ವರ್ಷದ ಪುಸ್ತಕ ಒರಲೆ ತಿಂದಿದೆ. 41 ಮನೆ, ಅರವತ್ತರ ಆಸುಪಾಸು ಜನ. ಒಬ್ಬರಿಗೆ ಸರಾಸರಿ ಒಂಬತ್ತಿದ್ದ ಮಾತ್ರೆ ಈಗ ಐದೋ ಐದೂವರೆಯೋ. ವರ್ಷಕ್ಕೆ ಮೂವತ್ತರಷ್ಟು ಬಿದ್ದ ಕೇಸುಗಳು ಹನ್ನೆರಡು ಹದಿಮೂರಕ್ಕೆ ಇಳಿದಿವೆ. ವರ್ಷಕ್ಕೆ ಎರಡೂಮುಕ್ಕಾಲು ಲಕ್ಷ ಬರುತ್ತದೆ, ಸಿಸ್ಟರ್, ಹುಡುಗ, ಡೀಸೆಲ್ ಕಳೆದು ನನಗೆ ಐವತ್ತು ಸಾವಿರ ಉಳಿದರೆ ಹೆಚ್ಚು. ಇದನ್ನೇ ನಂಬಿ ಕೂತರೆ ಉಪವಾಸ. ಆದರೆ ಈ ಮನೆಗಳ ಮಕ್ಕಳು ಮೊಮ್ಮಕ್ಕಳು ಊರಿಗೆ ಬಂದಾಗ ಕ್ಲಿನಿಕ್ಕಿಗೇ ಬರುತ್ತಾರೆ, ಆ ಲೆಕ್ಕ ಪೆಟ್ರೋಲ್ ಲೆಕ್ಕ ಹಾಕಿದವರಿಗೆ ಅಂದು ಹೊಳೆದಿರಲಿಲ್ಲ.

ಈ ವರ್ಷ ಶಿವರಾತ್ರಿಯೊಳಗೆ 40 ಮನೆ ಕೊಟ್ಟು ಮುಗಿಸಿದವು. ಉಳಿದ ಒಂದರಲ್ಲಿ ಅಣ್ಣ ಕೊಡಬೇಕೋ ತಮ್ಮ ಕೊಡಬೇಕೋ ಎಂಬುದು ಇನ್ನೂ ಬಗೆಹರಿದಿಲ್ಲ. ಅಜ್ಜಿಯೇ ಅಕ್ಕಿ ಡಬ್ಬಕ್ಕೆ ಕೈ ಹಾಕಿ ಎರಡು ಸಾವಿರ ತೆಗೆದು, "ಇದು ಅವ್ರಿಬ್ರಿಗೂ ಹೇಳ್ಬೇಡಿ" ಅಂದರು. ನೋಟಿನ ಜತೆ ಸಿನ್ನರಿಜಿನ್ ಸ್ಟ್ರಿಪ್ ಒಂದೂ ಹೊರಗೆ ಬಂತು.