ಕಡಿಮೆ ಖರ್ಚಿನಲ್ಲಿ ಷೆವರ್ಲೆ 350ಗೆ ಜಾಸ್ತಿ ಪವರ್: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಷೆವರ್ಲೆಯ ಹಳೆ ಕಾರು ಕಮಾರೊ, ನೋವಾ, ಷೆವೆಲ್ ಯಾವುದೇ ಇರಲಿ, ಬಾನೆಟ್ ಎತ್ತಿದರೆ ಷೆವರ್ಲೆ 350 (350 ಘನ ಇಂಚಿನ ಎಂಜಿನ್) ಕೂತಿರುವ ಸಾಧ್ಯತೆ ಜಾಸ್ತಿ. ಈ ಸ್ಮಾಲ್ ಬ್ಲಾಕ್ ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರ್ ಇರುವ ಎಂಜಿನ್) ಕುಟುಂಬ ಶುರುವಾದದ್ದು 1955ರಲ್ಲಿ, 265 ಘನ ಇಂಚಿನಿಂದ. 350 ಬಂದದ್ದು 1967ರ ಕಮಾರೊದಲ್ಲಿ. ಆಮೇಲೆ ದಶಕಗಳ ಕಾಲ ಕಾರು, ಪಿಕಪ್, ವ್ಯಾನ್ ಅಂತ ಸಿಕ್ಕ ಸಿಕ್ಕ ಗಾಡಿಗೆಲ್ಲ ಇದನ್ನೇ ಹಾಕಿದರು, ಅದಕ್ಕೇ ಇವತ್ತಿಗೂ ಇದರ ಬಿಡಿಭಾಗ ಬೇರೆ ಎಂಜಿನ್‌ಗಳಿಗಿಂತ ಅಗ್ಗ. ನಿಮ್ಮದು ಪಾಂಟಿಯಾಕ್ ಅಥವಾ ಡಾಡ್ಜ್ ಆದರೆ ಕೆಲಸದ ಕ್ರಮ ಇದೇ ಇರಲಿ, ಅಂಕಿಗಳನ್ನು ಮಾತ್ರ ನಿಮ್ಮ ಎಂಜಿನ್ ಮ್ಯಾನುಯಲ್‌ನಿಂದ ತಗೊಳ್ಳಿ.

ದುಡ್ಡಿನ ಕ್ರಮ ಹೀಗಿರಲಿ: ಮೊದಲು ಮಷಿನ್ ಶಾಪ್ ಕೆಲಸ, ಆಮೇಲೆ ಸಿಲಿಂಡರ್ ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳ, ವಾಲ್ವ್ ಇರುವುದು ಇದರಲ್ಲೇ), ಆಮೇಲೆ ಕ್ಯಾಮ್ (ವಾಲ್ವ್ ತೆರೆಸುವ ದಂಡ), ಕೊನೆಗೆ ಕಾರ್ಬ್ಯುರೇಟರ್. ಕ್ರೋಮ್ ವಾಲ್ವ್ ಕವರ್ ಎಲ್ಲ ಮುಗಿದು ಏನಾದರೂ ಉಳಿದರೆ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ, ದೊಡ್ಡ ಕಾರ್ಬ್ಯುರೇಟರ್ ಮತ್ತು ದೊಡ್ಡ ಕ್ಯಾಮ್ ಹಾಕಿ, ಸಿಗ್ನಲ್‌ನಲ್ಲಿ ಗುಡುಗುವ ಸದ್ದು ಬರುತ್ತೆ, ಆದರೆ ಗಾಡಿ ಮೊದಲಿಗಿಂತ ನಿಧಾನ.

ಬಿಚ್ಚುವ ಮೊದಲು

ನಿಮ್ಮ ಕೈಲಿರುವ ಎಂಜಿನ್ ಯಾವ ವರ್ಷದ್ದು ಅಂತ ಖಚಿತ ಮಾಡಿಕೊಳ್ಳಿ. 1970ರ ಎಲ್‌ಟಿ-1 (350ರಲ್ಲೇ ಜೋರಾದ ಬಗೆ) ಕಮಾರೊದಲ್ಲಿ 360 ಅಶ್ವಶಕ್ತಿ ಅಂತ ಬರೆದಿರುತ್ತಿತ್ತು, 1973ರ ಎರಡು ಬ್ಯಾರೆಲ್ ಕಾರ್ಬ್ಯುರೇಟರ್ ಇದ್ದ 350ಗೆ ಬರೀ 145. ಈ ಅಂತರದ ಒಂದು ಭಾಗ ಬರೀ ಲೆಕ್ಕದ್ದು. 1972ರಿಂದ ಏರ್ ಕ್ಲೀನರ್, ಎಕ್ಸಾಸ್ಟ್, ಆಲ್ಟರ್ನೇಟರ್ ಎಲ್ಲ ಹಾಕಿದ ಸ್ಥಿತಿಯ ನೆಟ್ ಅಂಕಿ ಕೊಡಲು ಶುರು ಮಾಡಿದರು, ಅದಕ್ಕೂ ಮುಂಚೆ ಬೆತ್ತಲೆ ಎಂಜಿನ್‌ನ ಗ್ರಾಸ್ ಅಂಕಿ. ಉಳಿದದ್ದು ನಿಜವಾದ ನಷ್ಟ. ಕಡಿಮೆ ಸೀಸದ ಪೆಟ್ರೋಲ್‌ಗೆ ಹೊಂದಲಿ ಅಂತ 1971ರಲ್ಲಿ ಜನರಲ್ ಮೋಟರ್ಸ್ ಕಂಪ್ರೆಷನ್ (ಉರಿಯುವ ಮೊದಲು ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನೋದು) ಇಳಿಸಿತು. ಆ ಕಾಲದ ಹೆಡ್‌ಗಳಲ್ಲಿ ಚೇಂಬರ್ (ಪೆಟ್ರೋಲ್ ಉರಿಯುವ ಗುಳಿ) 76 ಸಿಸಿ, ಅದು ದೊಡ್ಡದಾದಷ್ಟೂ ಕಂಪ್ರೆಷನ್ ಕಡಿಮೆ. ನಾವು ವಾಪಸ್ ತರಬೇಕಾದದ್ದು ಆ ಕಳೆದ ಕಂಪ್ರೆಷನ್ನನ್ನೇ.

ಇನ್ನೊಂದು ಮಾತು. ಬ್ಲಾಕ್‌ನ ಮುಂದೆ, ಪ್ಯಾಸೆಂಜರ್ ಕಡೆಯ ಹೆಡ್‌ನ ಎದುರಿಗೆ ಒಂದು ಚಪ್ಪಟೆ ಜಾಗ ಇದೆ. ಅದರ ಮೇಲಿನ ನಂಬರ್ ನಿಮ್ಮ ಕಾರಿನ ಚಾಸಿ ನಂಬರ್‌ಗೆ ಹೊಂದಿದರೆ ಅದು ಕಾರಿನ ಹುಟ್ಟಾ ಎಂಜಿನ್, ಮಾರುವಾಗ ಅದರ ಬೆಲೆಯೇ ಬೇರೆ. ಬ್ಲಾಕ್ ಮೇಲ್ಮೈ ಉಜ್ಜಿಸಿ ಸಮ ಮಾಡಿಸಿದರೆ ಆ ನಂಬರ್ ಅಳಿಸಿಹೋಗಬಹುದು. ಅಂಥ ಎಂಜಿನ್ ಆದರೆ ಸುಮ್ನೆ ಎಣ್ಣೆ ಹಚ್ಚಿ ಕವರ್‌ನಲ್ಲಿ ಸುತ್ತಿ ಮೂಲೆಯಲ್ಲಿಡಿ, ಗುಜರಿಯಿಂದ ಬೇರೆ ಬ್ಲಾಕ್ ತನ್ನಿ. ಹಾಗೇ ನಿಮ್ಮ ರಾಜ್ಯದ ಹೊಗೆ ನಿಯಮ ನೋಡಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೆ ಪೆಟ್ರೋಲ್ ಕಾರುಗಳಿಗೆ ಸ್ಮಾಗ್ ಟೆಸ್ಟ್ ಇಲ್ಲ, 1976ರಿಂದ ಈಚಿನವಕ್ಕೆ ಇದೆ.

ಬಿಚ್ಚುವಾಗ ಕ್ರ್ಯಾಂಕ್ ಹಿಡಿದಿಡುವ ಪ್ರತಿ ಮೇನ್ ಕ್ಯಾಪ್‌ಗೂ ರಾಡ್ ಕ್ಯಾಪ್‌ಗೂ ಗುರುತು ಹಾಕಿ, ಅವು ಅದಲು ಬದಲಾಗಲೇಬಾರದು. ಬೋರ್‌ನ (ಪಿಸ್ಟನ್ ಓಡಾಡುವ ರಂಧ್ರ) ಮೇಲ್ತುದಿಯಲ್ಲಿ ಉಗುರಿಗೆ ಏಣು ಸಿಕ್ಕಿದರೆ ಅದನ್ನು ರಿಡ್ಜ್ ರೀಮರ್‌ನಿಂದ ತೆಗೆದ ಮೇಲೇ ಪಿಸ್ಟನ್ ಹೊರಗೆ ತಳ್ಳಿ. ರಾಡ್ ಬೋಲ್ಟ್‌ಗಳಿಗೆ ರಬ್ಬರ್ ಹೋಸ್ ತುಂಡು ತೊಡಿಸಿ, ಇಲ್ಲದಿದ್ದರೆ ಕ್ರ್ಯಾಂಕ್ ಜರ್ನಲ್ (ಬೇರಿಂಗ್ ಕೂರುವ ನುಣುಪು ಭಾಗ) ಗೀಚುತ್ತದೆ.

ಮಷಿನ್ ಶಾಪ್‌ನಲ್ಲಿ ಜಿಪುಣತನ ಬೇಡ

ಬ್ಲಾಕ್ ಕೊಟ್ಟ ತಕ್ಷಣ ಬಿಸಿ ಟ್ಯಾಂಕ್‌ನಲ್ಲಿ ತೊಳೆಸಿ, ಬಿರುಕು ಇದೆಯಾ ಅಂತ ಮ್ಯಾಗ್ನೆಟ್ ಪುಡಿ ಹಾಕಿ ನೋಡಿಸಿ. ಬಿರುಕು ಕಂಡರೆ ಅಲ್ಲಿಗೇ ನಿಲ್ಲಿಸಿ, ಬೇರೆ ಬ್ಲಾಕ್ ಹುಡುಕಿ. 350 ಬ್ಲಾಕ್‌ಗೆ ಬರವಿಲ್ಲ, ವೆಲ್ಡಿಂಗ್ ಮಾಡಿಸಿ ಉಳಿಸುವಷ್ಟು ಪ್ರೀತಿ ಬೇಕಿಲ್ಲ.

ಸ್ಟಾಕ್ (ಕಂಪನಿಯಿಂದ ಬಂದಂತಿರುವ) ಬೋರ್ 4.000 ಇಂಚು, ಸ್ಟ್ರೋಕ್ ಅಂದರೆ ಪಿಸ್ಟನ್ ಓಡಾಟ 3.48. ಸವೆದಿದ್ದರೆ 0.030 ಇಂಚು ದೊಡ್ಡದು ಮಾಡಿಸುವುದು ವಾಡಿಕೆ, ಆಗ 355 ಘನ ಇಂಚು ಆಗುತ್ತದೆ. ಅದರಿಂದಲೇ ಪವರ್ ಬರುತ್ತೆ ಅಂದುಕೊಳ್ಳಬೇಡಿ, ಬೋರ್ ದುಂಡಗೆ, ನೇರವಾಗಿ ಆಗುತ್ತೆ, ರಿಂಗ್ ಸರಿಯಾಗಿ ಕೂರುತ್ತೆ, ಲಾಭ ಇರುವುದು ಅಲ್ಲಿ. ಪಿಸ್ಟನ್ ಮೊದಲೇ ಕೊಂಡು ಅಂಗಡಿಯವರ ಕೈಗೆ ಕೊಡಿ, ಅವುಗಳನ್ನು ಅಳೆದೇ ಬೋರ್ ಮಾಡಲಿ. ಟಾರ್ಕ್ ಪ್ಲೇಟ್ (ಹೆಡ್ ಬಿಗಿದಂತೆಯೇ ಒತ್ತುವ ದಪ್ಪ ತಟ್ಟೆ) ಬಿಗಿದು ಹೋನ್ ಮಾಡುತ್ತಾರಾ, ಅಂದರೆ ಬೋರ್ ಉಜ್ಜಿ ಮುಗಿಸುತ್ತಾರಾ ಅಂತ ಕೇಳಿ, ಸ್ವಲ್ಪ ಜಾಸ್ತಿ ಕೇಳಿದರೂ ಕೊಡಿ.

ಸ್ಟಾಕ್ ರಾಡ್‌ಗಳು ಸಾಕು, ಹಳೆ ಬೋಲ್ಟ್ ಮಾತ್ರ ಬೇಡ. ಹೊಸ ಒಳ್ಳೆ ಬೋಲ್ಟ್ ಹಾಕಿಸಿ, ಅದರ ಜೊತೆ ರಾಡ್‌ನ ದೊಡ್ಡ ಕಡೆಯನ್ನು ಮತ್ತೆ ಸೈಜ್ ಮಾಡಿಸಬೇಕು. ಬೋಲ್ಟ್ ಬದಲಿಸಿದರೆ ಆ ರಂಧ್ರದ ದುಂಡುತನ ಕೆಡುತ್ತದೆ, ಇದನ್ನು ಬಿಟ್ಟು ಬರೀ ಬೋಲ್ಟ್ ಹಾಕಿದರೆ ಬೇರಿಂಗ್ ತಿಂದುಹಾಕುತ್ತದೆ. ಪಿಸ್ಟನ್ ತೂಕ ಬದಲಾಗಿದ್ದರೆ ಬ್ಯಾಲೆನ್ಸ್ ಕೂಡ ಮಾಡಿಸಿ.

383 ಘನ ಇಂಚಿನ ಆಸೆ ಎಲ್ಲರಿಗೂ ಇರುತ್ತೆ, ಅಲ್ವಾ? 3.75 ಸ್ಟ್ರೋಕ್‌ನ ಕ್ರ್ಯಾಂಕ್, 0.030 ಬೋರ್, ಆಯ್ತು. ನಿಮ್ಮ ಕ್ರ್ಯಾಂಕ್ ಹೇಗಿದ್ದರೂ ಕೆಟ್ಟಿದ್ದರೆ ಯೋಚನೆ ಮಾಡಬಹುದು. ಆದರೆ ರಾಡ್ ತಾಗದ ಹಾಗೆ ಬ್ಲಾಕ್‌ನ ಕೆಳ ಅಂಚು ಉಜ್ಜಬೇಕು, ಬ್ಯಾಲೆನ್ಸ್ ಕಡ್ಡಾಯ, ಹೆಡ್ ಇನ್ನೂ ಜಾಸ್ತಿ ಗಾಳಿ ಒಳಬಿಡಬೇಕು. ಕ್ರ್ಯಾಂಕ್ ಚೆನ್ನಾಗಿದ್ದರೆ ಆ ದುಡ್ಡು ಹೆಡ್‌ಗೆ ಹೋಗಲಿ.

ಪವರ್ ಇರುವುದು ಹೆಡ್‌ನಲ್ಲಿ

1996ರಿಂದ 1999ರ ಷೆವರ್ಲೆ ಪಿಕಪ್, ಟಾಹೋ, ಸಬರ್ಬನ್‌ಗಳ 350ರಲ್ಲಿ ವೊರ್ಟೆಕ್ ಹೆಡ್ ಇತ್ತು. ಎರಕದ ನಂಬರ್‌ನ ಕೊನೆ 906 ಅಥವಾ 062. ಚೇಂಬರ್ 64 ಸಿಸಿ, ಇನ್‌ಟೇಕ್ ಪೋರ್ಟ್ ಸುಮಾರು 170 ಸಿಸಿ, ಮತ್ತು ಅದರ ಆಕಾರ ಎಷ್ಟು ಚೆನ್ನಾಗಿದೆ ಅಂದರೆ ಹಳೆ ಕಬ್ಬಿಣದ ಹೆಡ್‌ಗೆ ವಾರಗಟ್ಟಲೆ ಗ್ರೈಂಡರ್ ಹಿಡಿದು ಕೂತರೂ ಇದನ್ನು ಮುಟ್ಟುವುದು ಕಷ್ಟ. ಗುಜರಿಯಲ್ಲಿ ಸಿಗುವ ವಸ್ತುಗಳಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ಪವರ್ ಕೊಡುವುದು ನನ್ನ ಪ್ರಕಾರ ಬೇರೆ ಇಲ್ಲ.

ಆದರೆ ಪೂರ್ತಿ ಲೆಕ್ಕ ಹಾಕಿ. ಇದಕ್ಕೆ ಹಳೆ ಇನ್‌ಟೇಕ್ ಮ್ಯಾನಿಫೋಲ್ಡ್ ಕೂರುವುದಿಲ್ಲ, ಎಂಟು ಬೋಲ್ಟ್‌ನ ಬೇರೆಯದೇ ಬೇಕು. ವಾಲ್ವ್ ಕವರ್ ನಡುವೆ ಬೋಲ್ಟ್ ಇರುವಂಥದ್ದು. ರಾಕರ್ (ವಾಲ್ವ್ ಒತ್ತುವ ತೋಳು) ಸೆಲ್ಫ್ ಅಲೈನಿಂಗ್ ಜಾತಿಯದ್ದು. ಎಕ್ಸಾಸ್ಟ್ ಸೀಟ್ ಹತ್ತಿರ ಬಿರುಕು ಬಿಡುವ ಚಾಳಿ ಇದೆ, ಹಾಗಾಗಿ ಚೆಕ್ ಮಾಡಿಸದೆ ದುಡ್ಡು ಕೊಡಬೇಡಿ. ಇನ್ನು ಸ್ಟಾಕ್ ಸ್ಪ್ರಿಂಗ್‌ನಲ್ಲಿ ಲಿಫ್ಟ್ (ವಾಲ್ವ್ ತೆರೆಯುವ ಎತ್ತರ) ಸುಮಾರು 0.460 ಇಂಚು ದಾಟಿದರೆ ರಿಟೇನರ್ (ಸ್ಪ್ರಿಂಗ್ ಹಿಡಿದಿಡುವ ಬಿಲ್ಲೆ) ಕೆಳಗಿನ ಸೀಲ್‌ಗೆ ಬಡಿಯುವ ಭಯ, ಅಳೆದು ನೋಡಿ.

ಕಂಪ್ರೆಷನ್ ಲೆಕ್ಕ ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. 4.030 ಬೋರ್‌ನಲ್ಲಿ ಒಂದು ಸಿಲಿಂಡರ್ ಒಳಗೆ ಪಿಸ್ಟನ್ ಓಡಾಡುವ ಜಾಗ ಸುಮಾರು 727 ಸಿಸಿ. ಸ್ಟಾಕ್ ಬ್ಲಾಕ್‌ನಲ್ಲಿ ಪಿಸ್ಟನ್ ಮೇಲೆ ಬಂದಾಗ ಬ್ಲಾಕ್ ಮೇಲ್ಮೈಗಿಂತ ಸುಮಾರು 0.025 ಇಂಚು ಕೆಳಗೇ ನಿಲ್ಲುತ್ತದೆ. ಫ್ಲಾಟ್ ಟಾಪ್ ಪಿಸ್ಟನ್, ವಾಲ್ವ್ ಗುಳಿ 6 ಸಿಸಿ, ಮಾಮೂಲಿ 0.039 ದಪ್ಪದ ಗ್ಯಾಸ್ಕೆಟ್ ಹಾಕಿದರೆ 76 ಸಿಸಿ ಹೆಡ್‌ನಲ್ಲಿ 8.6ರ ಹತ್ತಿರ, 64 ಸಿಸಿ ವೊರ್ಟೆಕ್‌ನಲ್ಲಿ 9.7ರ ಹತ್ತಿರ ಬರುತ್ತದೆ. ಹೆಡ್ ಬದಲಿಸಿದ್ದಕ್ಕೇ ಒಂದು ಪಾಯಿಂಟ್‌ಗಿಂತ ಜಾಸ್ತಿ. ಚೆನ್ನಾಗಿದೆ, ಆದರೆ ಒಂದು ತೊಂದರೆ ಇದೆ. ಪಿಸ್ಟನ್‌ಗೂ ಹೆಡ್‌ನ ಚಪ್ಪಟೆ ಭಾಗಕ್ಕೂ ನಡುವೆ 0.064 ಇಂಚು ಸಂದು ಉಳಿಯಿತು. ಈ ಸಂದು 0.035ರಿಂದ 0.045 ಒಳಗಿದ್ದರೆ ಪಿಸ್ಟನ್ ಮೇಲೆ ಬಂದಾಗ ಅಲ್ಲಿನ ಗಾಳಿ-ಪೆಟ್ರೋಲ್ ಮಿಶ್ರಣ ಚೇಂಬರ್‌ಗೆ ಚಿಮ್ಮಿ ಚೆನ್ನಾಗಿ ಕಲಸಿಕೊಳ್ಳುತ್ತದೆ, ನಾಕಿಂಗ್ (ಮಿಶ್ರಣ ತಾನಾಗಿ ಸಿಡಿದು ಬಡಿಯುವುದು) ಕಡಿಮೆ. 0.064ರಲ್ಲಿ ಆ ಕೆಲಸ ಆಗೋದಿಲ್ಲ.

ಹಾಗಾದರೆ 0.015ರ ತೆಳ್ಳನೆ ಸ್ಟೀಲ್ ಗ್ಯಾಸ್ಕೆಟ್ ಹಾಕಿದರೆ? ಸಂದು 0.040, ಅದು ಸರಿ. ಕಂಪ್ರೆಷನ್ ಮಾತ್ರ 10.2 ದಾಟುತ್ತದೆ, ಕಬ್ಬಿಣದ ಹೆಡ್, ಸಣ್ಣ ಕ್ಯಾಮ್, ಬಂಕ್ ಪೆಟ್ರೋಲ್‌ಗೆ ಅದು ಜಾಸ್ತಿಯಾಯಿತು. ಅದಕ್ಕೆ ಫ್ಲಾಟ್ ಟಾಪ್ ಬಿಟ್ಟು 12 ಸಿಸಿ ಡಿಶ್ ಇರುವ ಪಿಸ್ಟನ್ ತಗೊಳ್ಳಿ. ಡಿಶ್ ಅಂದರೆ ಹೆಡ್‌ನ ಚಪ್ಪಟೆ ಭಾಗದ ಎದುರು ಪಿಸ್ಟನ್ ಕೂಡ ಚಪ್ಪಟೆ ಇರುವಂಥದ್ದು, ಇಡೀ ತಲೆ ತಟ್ಟೆಯಂತೆ ಗುಳಿ ಬಿದ್ದದ್ದಲ್ಲ. ಆಗ ಕಂಪ್ರೆಷನ್ 9.6, ಸಂದು 0.040. ಮೊದಲಿನಷ್ಟೇ ಕಂಪ್ರೆಷನ್, ಆದರೆ ನಾಕಿಂಗ್ ಹೆದರಿಕೆ ಕಡಿಮೆ, ಟೈಮಿಂಗ್ (ಪ್ಲಗ್ ಕಿಡಿ ಹಾರುವ ಹೊತ್ತು) ಧೈರ್ಯವಾಗಿ ಮುಂದಕ್ಕೆ ಇಡಬಹುದು. ಸ್ಟೀಲ್ ಗ್ಯಾಸ್ಕೆಟ್‌ಗೆ ಬ್ಲಾಕ್, ಹೆಡ್ ಎರಡೂ ಕನ್ನಡಿಯಂತೆ ಸಮ ಇರಬೇಕು ಅನ್ನೋದೊಂದು ಷರತ್ತು. ಈ ಅಂಕಿಗಳನ್ನು ಕಣ್ಣು ಮುಚ್ಚಿ ನಂಬಬೇಡಿ, ನಿಮ್ಮ ಬ್ಲಾಕ್‌ನಲ್ಲಿ ಪಿಸ್ಟನ್ ಎಷ್ಟು ಕೆಳಗಿದೆ ಅಂತ ಡಯಲ್ ಗೇಜ್ ಇಟ್ಟು ನೋಡಿ.

ಕ್ಯಾಮ್, ಕಾರ್ಬ್ಯುರೇಟರ್, ಎಕ್ಸಾಸ್ಟ್

ಕ್ಯಾಮ್ ಆರಿಸುವಾಗ ಮನಸ್ಸಿಗೆ ಬಂದದ್ದಕ್ಕಿಂತ ಒಂದು ಸೈಜ್ ಚಿಕ್ಕದು ತಗೊಳ್ಳಿ. ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಪವರ್ ಬ್ರೇಕ್ ಇರುವ ರಸ್ತೆ ಕಾರಿಗೆ 0.050 ಲಿಫ್ಟ್‌ನಲ್ಲಿ ಅಳೆದ ಡ್ಯುರೇಶನ್ (ವಾಲ್ವ್ ತೆರೆದಿರುವ ಅವಧಿ) 215ರಿಂದ 224 ಡಿಗ್ರಿ ಸಾಕು. ಅದಕ್ಕೂ ದೊಡ್ಡದಾದರೆ ಪವರ್ ಬ್ರೇಕ್ ನಡೆಸುವ ವ್ಯಾಕ್ಯೂಮ್ (ಎಂಜಿನ್ ಹೀರುವ ಬಲ) ಬೀಳುತ್ತದೆ, ಬ್ರೇಕ್ ಕಲ್ಲಿನಂತಾಗುತ್ತದೆ. 1987ರಿಂದ ಈಚಿನ ರೋಲರ್ ಬ್ಲಾಕ್ (ಕ್ಯಾಮ್ ಮೇಲೆ ಉರುಳುವ ಲಿಫ್ಟರ್ ಹಾಕುವಂಥದ್ದು) ಸಿಕ್ಕಿದರೆ ಬಿಡಬೇಡಿ, ಕ್ಯಾಮ್ ಸವೆಯುವ ಚಿಂತೆಯೇ ಇಲ್ಲ. ಒಂದು ಎಚ್ಚರ: 1986ರಿಂದ ಈಚೆಗೆ ಕ್ರ್ಯಾಂಕ್ ಹಿಂಬದಿಯ ಮೇನ್ ಸೀಲ್ ಒಂದೇ ತುಂಡಿನದ್ದು, ಅದರ ಕ್ರ್ಯಾಂಕ್, ಫ್ಲೆಕ್ಸ್‌ಪ್ಲೇಟ್ ಹಳೆಯದಕ್ಕೆ ಹೊಂದುವುದಿಲ್ಲ.

ಕಾರ್ಬ್ಯುರೇಟರ್‌ಗೆ ಸರಳ ಲೆಕ್ಕ ಇದೆ. ಘನ ಇಂಚನ್ನು ಅತಿ ಹೆಚ್ಚಿನ ಆರ್‌ಪಿಎಂನಿಂದ ಗುಣಿಸಿ 3456ರಿಂದ ಭಾಗಿಸಿ. 355 ಗುಣಿಸು 5500, ಬಂತು 565 ಸಿಎಫ್‌ಎಂ. ಅಂದರೆ ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ, 600ರದ್ದು ಧಾರಾಳ. ಕಾರಿನಲ್ಲಿ ಮೊದಲೇ ಕ್ವಾಡ್ರಾಜೆಟ್ (ನಾಲ್ಕು ಬ್ಯಾರೆಲ್ ಕಾರ್ಬ್ಯುರೇಟರ್) ಇದ್ದರೆ ಕಿತ್ತು ಎಸೆಯಬೇಡಿ, ರಿಪೇರಿ ಕಿಟ್ ತಂದು ಕೂತು ಸರಿ ಮಾಡಿ. ಅದರ ಮುಂದಿನ ಬ್ಯಾರೆಲ್ ಸಣ್ಣ, ಹಿಂದಿನದು ಎಂಜಿನ್ ಕೇಳಿದಷ್ಟೇ ತೆರೆಯುತ್ತದೆ. ಎಕ್ಸಾಸ್ಟ್‌ಗೆ 1-5/8 ಇಂಚಿನ ಹೆಡರ್ (ಹೊಗೆ ಹೊರಗೊಯ್ಯುವ ಪೈಪ್ ಗೊಂಚಲು), ಎರಡೂವರೆ ಇಂಚಿನ ಜೋಡಿ ಪೈಪ್. ಇಗ್ನಿಷನ್‌ಗೆ ಗುಜರಿಯಿಂದ ಜಿಎಂನ ಎಚ್‌ಇಐ (ಎಲೆಕ್ಟ್ರಾನಿಕ್ ಬಗೆಯ) ಡಿಸ್ಟ್ರಿಬ್ಯೂಟರ್.

ಜೋಡಿಸುವಾಗ

ಶಾಪ್‌ನಿಂದ ಬಂದ ಬ್ಲಾಕ್ ಕ್ಲೀನ್ ಇದೆ ಅಂತ ಅವರು ಹೇಳುತ್ತಾರೆ, ನೀವು ನಂಬಬೇಡಿ. ಬಿಸಿನೀರು, ಸೋಪು, ಉದ್ದ ಬ್ರಷ್. ಬಿಳಿ ಬಟ್ಟೆ ಬೋರ್‌ನಲ್ಲಿ ಒರೆಸಿದರೆ ಬೂದು ಬಣ್ಣ ಬರಬಾರದು, ಅಲ್ಲಿವರೆಗೂ ಉಜ್ಜಿ, ಒಣಗಿದ ತಕ್ಷಣ ಎಣ್ಣೆ ಹಚ್ಚಿ. ಆಯಿಲ್ ಗ್ಯಾಲರಿ ಪ್ಲಗ್‌ಗಳೆಲ್ಲ ವಾಪಸ್ ಬಂದಿವೆಯಾ ಎಣಿಸಿ. ಒಂದು ಹಿಂದಿನ ಮೇನ್ ಕ್ಯಾಪ್ ಕೆಳಗೆ ಅಡಗಿರುತ್ತದೆ, ಅದು ಬಿಟ್ಟುಹೋದರೆ ಆಯಿಲ್ ಫಿಲ್ಟರ್‌ಗೆ ಹೋಗದೆ ಅಡ್ಡದಾರಿ ಹಿಡಿಯುತ್ತದೆ.

ಬೇರಿಂಗ್ ಕ್ಲಿಯರೆನ್ಸ್ (ಸಂದು) ಎಷ್ಟು ಅಂತ, ಒತ್ತಿ ಅಳೆಯುವ ಎಳೆಯಾದ ಪ್ಲಾಸ್ಟಿಗೇಜ್‌ನಿಂದಾದರೂ ನೋಡಿ, ಜರ್ನಲ್‌ನ ಪ್ರತಿ ಇಂಚು ವ್ಯಾಸಕ್ಕೆ 0.001 ಅನ್ನೋದು ಹಳೆ ಲೆಕ್ಕ. ರಿಂಗ್ ಗ್ಯಾಪ್ ಬೋರ್‌ನ ಪ್ರತಿ ಇಂಚಿಗೆ 0.004, ಅಂದರೆ ಇಲ್ಲಿ 0.016. ಹೈಪರ್‌ಯುಟೆಕ್ಟಿಕ್ (ಸಿಲಿಕಾನ್ ಜಾಸ್ತಿ ಇರುವ ಅಲ್ಯೂಮಿನಿಯಂ) ಪಿಸ್ಟನ್ ಆದರೆ ಮೇಲಿನ ರಿಂಗ್‌ಗೆ ಇನ್ನೂ ಜಾಸ್ತಿ ಕೇಳಬಹುದು, ಡಬ್ಬಿಯಲ್ಲಿನ ಚೀಟಿ ಓದಿ. ಸ್ಟಾಕ್ ಬೋಲ್ಟ್‌ಗೆ ಎರಡು ಬೋಲ್ಟ್‌ನ ಮೇನ್ ಕ್ಯಾಪ್ 70 ಫುಟ್-ಪೌಂಡ್, ರಾಡ್ 45, ಹೆಡ್ 65, ಹೆಡ್ ಮೂರು ಹಂತದಲ್ಲಿ. ಹೊಸ ಬೋಲ್ಟ್‌ಗೆ ಅದರ ಕಂಪನಿಯ ಅಂಕಿಯೇ ಕೊನೆ ಮಾತು. ಹೆಡ್ ಬೋಲ್ಟ್‌ಗಳ ತುದಿ ನೀರಿನ ಜಾಗಕ್ಕೆ ಇಳಿಯುತ್ತದೆ, ಮರೆಯದೆ ಸೀಲಂಟ್ ಹಚ್ಚಿ.

ಟೈಮಿಂಗ್ ಚೈನ್‌ನಲ್ಲಿ ಎರಡು ಚುಕ್ಕಿ ಎದುರು ಬದುರು ಬಂದಾಗ ಉರಿಯಲು ನಿಂತಿರುವುದು ಆರನೇ ಸಿಲಿಂಡರ್, ಒಂದನೆಯದಲ್ಲ. ಕ್ರ್ಯಾಂಕ್ ಪೂರ್ತಿ ಒಂದು ಸುತ್ತು ತಿರುಗಿಸಿ, ಆಮೇಲೆ ಡಿಸ್ಟ್ರಿಬ್ಯೂಟರ್ ರೋಟರ್ ಒಂದರ ಕಡೆಗೆ ಇಡಿ. ಸ್ಟಾರ್ಟ್ ಆಗದೆ ಕಾರ್ಬ್ಯುರೇಟರ್‌ನಿಂದ ಬೆಂಕಿ ಉಗುಳುವ ಹೊಸ ಎಂಜಿನ್‌ಗಳಲ್ಲಿ ಬಹಳಷ್ಟರ ಕಥೆ ಇದೇ. ಫೈರಿಂಗ್ ಕ್ರಮ 1-8-4-3-6-5-7-2.

ಮೊದಲ ಸ್ಟಾರ್ಟ್

ಡಿಸ್ಟ್ರಿಬ್ಯೂಟರ್ ಜಾಗದಲ್ಲಿ ಪ್ರೈಮಿಂಗ್ ಟೂಲ್ ಇಳಿಸಿ ಡ್ರಿಲ್‌ನಿಂದ ಗಡಿಯಾರದ ದಿಕ್ಕಿಗೆ ತಿರುಗಿಸಿ, ಎಲ್ಲ ಹದಿನಾರು ರಾಕರ್‌ಗೂ ಆಯಿಲ್ ಬರುವ ತನಕ. ಫ್ಲಾಟ್ ಟ್ಯಾಪೆಟ್ ಕ್ಯಾಮ್ (ರೋಲರ್ ಇಲ್ಲದ ಬಗೆ) ಆದರೆ ಅದರ ಮೇಲೆ ಕೂರುವ ಲಿಫ್ಟರ್ ಹೊಸದೇ ಇರಬೇಕು, ಹಳೆಯದು ಬೇಡವೇ ಬೇಡ. ಇವತ್ತಿನ ಕಾರುಗಳಿಗೆಂದು ಬರುವ ತೆಳು ಆಯಿಲ್‌ಗಳಲ್ಲಿ ಫಾಸ್ಫರಸ್‌ಗೆ 800 ಪಿಪಿಎಂ ಮಿತಿ ಇದೆ, ಇಂಥ ಕ್ಯಾಮ್‌ಗೆ ಅದು ಸಾಲದು. ಜಿಂಕ್ ಜಾಸ್ತಿ ಇರುವ ಬ್ರೇಕ್-ಇನ್ ಆಯಿಲ್ ಹಾಕಿ. ಕಾರ್ಬ್ಯುರೇಟರ್ ಬೌಲ್ ತುಂಬಿರಲಿ, ರೇಡಿಯೇಟರ್ ತುಂಬಿರಲಿ, ಯಾಕೆಂದರೆ ಸ್ಟಾರ್ಟ್ ಆದ ತಕ್ಷಣ 2000ದಿಂದ 2500 ಆರ್‌ಪಿಎಂಗೆ ಏರಿಸಿ 20-30 ನಿಮಿಷ ಅಲ್ಲೇ ಹಿಡಿಯಬೇಕು, ಸ್ವಲ್ಪ ಮೇಲೆ ಕೆಳಗೆ ಆಡಿಸುತ್ತಾ. ಐಡಲ್‌ಗೆ ಬಿಡಬೇಡಿ, ಕ್ಯಾಮ್‌ಗೆ ಚಿಮ್ಮುವ ಆಯಿಲ್ ಅಲ್ಲಿ ಸಾಕಾಗೋದಿಲ್ಲ. ನೀರು ಸೋರಿದರೆ ಆಫ್ ಮಾಡಿ ಸರಿ ಮಾಡಿಕೊಂಡು ಮತ್ತೆ ಮುಂದುವರಿಸಿ.

ಆಮೇಲೆ ಆಯಿಲ್ ಇಳಿಸಿ, ಫಿಲ್ಟರ್ ಕತ್ತರಿಸಿ ಒಳಗಿನ ಕಾಗದ ಬಿಡಿಸಿ ನೋಡಿ. ಸಣ್ಣ ಹೊಳಪು ಪುಡಿ ಸಹಜ, ಉದ್ದ ಚೂರು ಸಿಕ್ಕರೆ ವಾಲ್ವ್ ಕವರ್ ತೆಗೆದು ಯಾವ ರಾಕರ್ ಕಡಿಮೆ ಏಳುತ್ತಿದೆ ಅಂತ ಹುಡುಕಿ. ಟೈಮಿಂಗ್‌ಗೆ ವೊರ್ಟೆಕ್ ಹೆಡ್ ಜಾಸ್ತಿ ಕೇಳೋದಿಲ್ಲ, 3000 ಆರ್‌ಪಿಎಂ ಹೊತ್ತಿಗೆ ಒಟ್ಟು 32 ಡಿಗ್ರಿಯಿಂದ ಶುರು ಮಾಡಿ. ಹಳೆ ಹೆಡ್ ಆದರೆ 34-36. ಇದನ್ನು ನೋಡುವಾಗ ವ್ಯಾಕ್ಯೂಮ್ ಅಡ್ವಾನ್ಸ್ ಪೈಪ್ ಕಳಚಿ ಮುಚ್ಚಿರಿ, ಮುಗಿದ ಮೇಲೆ ಮತ್ತೆ ಹಾಕಿ.

ಹೀಗೆ ಕಟ್ಟಿದ ಎಂಜಿನ್ ಡೈನೊ (ಪವರ್ ಅಳೆಯುವ ಯಂತ್ರ) ಮೇಲೆ 330ರಿಂದ 350 ಅಶ್ವಶಕ್ತಿ ಕೊಡುವುದು ಕಷ್ಟವಲ್ಲ. ಇಷ್ಟಾದರೂ ಗಾಡಿ ಸಿಗ್ನಲ್‌ನಿಂದ ಸೋಮಾರಿಯಂತೆ ಎದ್ದರೆ ಎಂಜಿನ್ ಬಿಟ್ಟು ಹಿಂದಿನ ಆಕ್ಸಲ್ ನೋಡಿ. ಅಲ್ಲಿ 2.73 ಅನುಪಾತದ ಗೇರ್ ಕೂತಿದ್ದರೆ 3.42 ಅಥವಾ 3.73 ಹಾಕಿಸಿ.