ಝೆರಾಕ್ಸ್ ಅಂಗಡಿಯಲ್ಲಿ ಸಿಕ್ಕ ನನ್ನ ನೋಟ್ಸ್

ನಮ್ಮ ಕಾಲೇಜಿನ ಗೇಟಿನ ಎದುರಿಗೆ ಒಂದು ಝೆರಾಕ್ಸ್ ಅಂಗಡಿ ಇದೆ. ಒಂದಿನ ಆಧಾರ್ ಕಾರ್ಡಿನ ಕಾಪಿ ತೆಗೆಸೋಕೆ ಹೋಗಿದ್ದೆ. ಕೌಂಟರಿನ ಮೇಲೆ ಸ್ಪೈರಲ್ ಹಾಕಿದ ಬಂಡಲುಗಳು ಸಾಲಾಗಿ ನಿಂತಿದ್ದವು. ಒಂದರ ಮೇಲೆ ಸ್ಕೆಚ್ ಪೆನ್ನಿನಲ್ಲಿ 'ಹಿಸ್ಟರಿ, ಮೇಡಂ ನೋಟ್ಸ್' ಅಂತ ಬರೆದಿತ್ತು. ತೆಗೆದು ನೋಡಿದರೆ ನನ್ನದೇ. ಕ್ಲಾಸಿನಲ್ಲಿ ನಾನು ಹೇಳಿ ಬರೆಸಿದ್ದನ್ನು ಯಾರೋ ಹುಡುಗಿ ದುಂಡಗಿನ ಅಕ್ಷರದಲ್ಲಿ ಬರೆದುಕೊಂಡಿದ್ದಾಳೆ, ಅದರ ಕಾಪಿಯ ಕಾಪಿಯ ಕಾಪಿ. ಒಂದು ಪುಟದ ಮೂಲೆಯಲ್ಲಿ ಯಾರದೋ ಹೆಬ್ಬೆರಳಿನ ಕರಿ ನೆರಳೂ ಬಂದಿತ್ತು.

"ಎಷ್ಟಪ್ಪಾ ಇದು?" ಅಂದೆ.

"ಎಂಬತ್ತ ರೂಪಾಯ್ರಿ ಮೇಡಂ. ಪರೀಕ್ಷಾ ಟೈಮಿನ್ಯಾಗ ಭಾಳ ಓಡತಾವ."

ಆ ಮೇಡಂ ನಾನೇ ಅಂತ ಅವನಿಗೆ ಗೊತ್ತಿರಲಿಲ್ಲ. ಎಂಬತ್ತು ರೂಪಾಯಿ ಕೊಟ್ಟು ನನ್ನ ನೋಟ್ಸನ್ನು ನಾನೇ ಕೊಂಡುಕೊಂಡು ಬಂದೆ.

ನಾನು ವಿಜಯಪುರ ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಇದಾಗುವ ಹೊತ್ತಿಗೆ ನನಗೆ ಮುಕ್ತ ಶಿಕ್ಷಣದ ಹುಚ್ಚು ಹಿಡಿದಿತ್ತು, ಅಂದರೆ ಪಾಠದ ಸಾಮಗ್ರಿಯನ್ನು ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚೋಕೆ ಬಿಡೋದು. ಆನ್‌ಲೈನಿನಲ್ಲಿ ಸಿಕ್ಕಿದ್ದೆಲ್ಲಾ ಓದಿದ್ದೆ, ನಮ್ಮ ಸ್ಟಾಫಿಗೂ ಮಕ್ಕಳಿಗೂ ಇದನ್ನು ಹೇಳಲೇಬೇಕು ಅಂತ ಪಿಪಿಟಿ ಮಾಡಿಟ್ಟುಕೊಂಡಿದ್ದೆ. ಐಕ್ಯೂಎಸಿ (ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಸಮಿತಿ) ಕಡೆಯಿಂದ ಒಂದು ದಿನದ ಕಾರ್ಯಾಗಾರವೂ ಆಯಿತು. ಬ್ಯಾನರ್, ಪ್ರಾರ್ಥನಾ ಗೀತೆ, ಶಾಲು, ಚೂಡಾ, ಚಹಾ ಎಲ್ಲಾ ಇತ್ತು. 2002ರಲ್ಲಿ ಪ್ಯಾರಿಸಿನ ಯುನೆಸ್ಕೋ ಸಭೆಯಲ್ಲಿ 'ಮುಕ್ತ ಶೈಕ್ಷಣಿಕ ಸಂಪನ್ಮೂಲ' ಅನ್ನುವ ಹೆಸರು ಹುಟ್ಟಿದ್ದು, ಅದೇ ವರ್ಷದ ಡಿಸೆಂಬರಿನಲ್ಲಿ ಕ್ರಿಯೇಟಿವ್ ಕಾಮನ್ಸಿನ, ಅಂದರೆ ಹೀಗೆ ಬಳಸಬಹುದು ಅಂತ ಬರೆದವರೇ ಮೊದಲೇ ಒಪ್ಪಿಗೆ ಕೊಟ್ಟಿಡುವ, ಮೊದಲ ಲೈಸೆನ್ಸುಗಳು ಬಂದಿದ್ದು, ಮುಕ್ತ ಶಿಕ್ಷಣದ ಬಗ್ಗೆ ಬರೆಯುವ ಅಮೆರಿಕದ ಡೇವಿಡ್ ವೈಲಿ ಹೇಳುವ ಐದು 'ಆರ್'ಗಳು, ಒಂದೂ ಬಿಡದೆ ಹೇಳಿದೆ. ಎಲ್ಲರೂ ತಲೆ ಅಲ್ಲಾಡಿಸಿದರು. ಪ್ರಶ್ನೆ ಬಂದಿದ್ದು ಎರಡೇ. ಸರ್ಟಿಫಿಕೇಟ್ ಇವತ್ತೇ ಕೊಡ್ತೀರಾ ಅನ್ನೋದು ಒಂದು. ಪ್ರಮೋಷನ್ನಿಗೆ ಇದರಿಂದ ಪಾಯಿಂಟ್ ಬರ್ತಾವಾ ಅನ್ನೋದು ಇನ್ನೊಂದು. ಅವರನ್ನೂ ತಪ್ಪು ಅನ್ನಲಾರೆ, ನಾನೂ ಎಷ್ಟೋ ಕಾರ್ಯಾಗಾರಗಳಿಗೆ ಸರ್ಟಿಫಿಕೇಟಿಗೇ ಹೋದವಳು.

ನಿಜವಾದ ಮಾತು ಬಂದಿದ್ದು ಒಂದು ವಾರದ ಮೇಲೆ, ಸ್ಟಾಫ್ ರೂಮಿನಲ್ಲಿ, ಡಬ್ಬಿ ಬಿಚ್ಚಿ ಊಟ ಮಾಡುವಾಗ. ನನಗಿಂತ ಹಿರಿಯರಾದ ಒಬ್ಬ ಸರ್ ಸುತ್ತ ಯಾರೂ ಇಲ್ಲ ಅಂತ ನೋಡಿಕೊಂಡು ಹೇಳಿದರು: "ಮೇಡಂ, ಓಪನ್ ಮಾಡೂದು ಛಲೋ ಐತ್ರಿ. ಆದ್ರ ನನ್ನ ನೋಟ್ಸ್ ಎಲ್ಲಾರೂ ನೋಡಿದ್ರ, ಯಾವ ಬುಕ್ಕಿನಿಂದ ಎತ್ತೀನಿ ಅನ್ನೂದು ಗೊತ್ತಾಗ್ತದಲ್ರಿ."

ರೊಟ್ಟಿ ಗಂಟಲಲ್ಲೇ ನಿಂತಿತು, ಯಾಕಂದ್ರೆ ನನ್ನದೂ ಅದೇ ಕಥೆ. ಪಿಪಿಟಿಯಲ್ಲಿ ಈ ಅಂಜಿಕೆಗೆ ಒಂದು ಸ್ಲೈಡೂ ಇರಲಿಲ್ಲ. ಆವತ್ತಿನಿಂದ ಕಾರ್ಯಾಗಾರ ಬಿಟ್ಟೆ. ಮೊದಲು ನನ್ನ ನೋಟ್ಸನ್ನೇ ಸರಿ ಮಾಡೋಣ, ಆಮೇಲೆ ಬೇರೆಯವರ ಮಾತು ಅಂದುಕೊಂಡೆ.

ಆ ಎಂಬತ್ತು ರೂಪಾಯಿ ಬಂಡಲನ್ನು ಮುಂದಿಟ್ಟುಕೊಂಡು ಕೆಂಪು ಪೆನ್ನು ಹಿಡಿದು ಕೂತೆ. ಯಾವ ಪ್ಯಾರಾ ನನ್ನದು, ಯಾವುದು ಪುಸ್ತಕದ್ದು ಅಂತ ಗೆರೆ ಹಾಕುತ್ತಾ ಹೋದೆ. ನಾಚಿಕೆ ಆಯಿತು. ನಾನು ಎಂ.ಎ. ಓದುವಾಗ ಬರೆದುಕೊಂಡಿದ್ದ ಸಾಲುಗಳು ಹಾಗೇ ಇಳಿದಿದ್ದವು, ಅವು ಯಾವ ಪುಸ್ತಕದವು ಅಂತ ನನಗೇ ಮರೆತಿತ್ತು. ಇಲ್ಲಿ ಎರಡು ವಿಷಯ ಬೇರೆ ಮಾಡಿ ತಿಳಿದುಕೊಳ್ಳಬೇಕು. ಕ್ಲಾಸಿನಲ್ಲಿ ಪಾಠಕ್ಕೆ ಬೇಕಾದ ಪುಟಗಳನ್ನು ಕಾಪಿ ಮಾಡಿ ಕೊಡುವುದಕ್ಕೆ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಜಾಗ ಇದೆ, 2016ರಲ್ಲಿ ದೆಹಲಿ ಹೈಕೋರ್ಟು ಅಲ್ಲಿನ ವಿಶ್ವವಿದ್ಯಾಲಯದ ಝೆರಾಕ್ಸ್ ಅಂಗಡಿ ಕೇಸಿನಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಆದರೆ ಬೇರೆಯವರು ಬರೆದದ್ದರ ಮೇಲೆ 'ಯಾರು ಬೇಕಾದರೂ ಬಳಸಿ' ಅಂತ ನಾನು ಸೀಲು ಹೊಡೆಯೋಕಾಗಲ್ಲ. ಮನೆ ಅವರದು, ಕೀಲಿಕೈ ಹಂಚೋಕೆ ನಾನ್ಯಾರು? ಇಸವಿ, ಹೆಸರು, ಘಟನೆ ಯಾರಪ್ಪನ ಸೊತ್ತೂ ಅಲ್ಲ, ಅವನ್ನು ಹೇಳಿದ ಮಾತಿಗೆ ಮಾತ್ರ ಕಾಪಿರೈಟ್ ಇರುತ್ತದೆ. ಹಾಗಾಗಿ ಎತ್ತಿದ ಪ್ಯಾರಾಗಳನ್ನೆಲ್ಲಾ ಕಿತ್ತು ಹಾಕಿ ನನ್ನ ಮಾತಿನಲ್ಲಿ ಬರೆದೆ. ಬೇಸಿಗೆ ರಜೆ ಪೂರ್ತಿ ಹೋಯಿತು.

ಇನ್ನೊಂದು ಪೀಕಲಾಟ ಫಾಂಟಿನದು. ಟೈಪ್ ಮಾಡಿದ ನೋಟ್ಸ್ ಸ್ವಲ್ಪ ಇತ್ತು, ಆದರೆ ಎಲ್ಲಾ ಹಳೇ 'ನುಡಿ' ತಂತ್ರಾಂಶದ ಫಾಂಟಿನಲ್ಲಿ. ಮಕ್ಕಳ ಮೊಬೈಲಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಕ್ಕೆ ಕೊಂಬು, ಬಾಲ ಹಚ್ಚಿದ ಹಾಗೆ ಕಾಣುತ್ತಿತ್ತು. ಕನ್ವರ್ಟರಿಗೆ ಹಾಕಿ, ಎಲ್ಲಾ ಮೊಬೈಲಿನಲ್ಲೂ ಓದೋಕೆ ಬರುವ ಯೂನಿಕೋಡ್ ಮಾಡಿದರೆ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಜಾಗ ಬದಲಿಸಿಕೊಂಡು ಕೂತಿದ್ದವು. ಕೈಯಲ್ಲೇ ತಿದ್ದಬೇಕಾಯಿತು. ಇದನ್ನು ಯಾರೂ ಹೇಳುವುದಿಲ್ಲ, ಆದರೆ ಕನ್ನಡದಲ್ಲಿ ಈ ಕೆಲಸ ಮಾಡುವವರಿಗೆ ಮೊದಲ ಮೆಟ್ಟಿಲು ಇದೇ. ಲೈಸೆನ್ಸ್ ಎಷ್ಟೇ ಮುಕ್ತವಾಗಿದ್ದರೂ ತಿದ್ದೋಕೆ, ಹುಡುಕೋಕೆ ಬಾರದ ಪಿಡಿಎಫ್ ಕೊಟ್ಟರೆ ಏನು ಬಂತು?

ಜೂನ್ ಕಳೆದು ಕ್ಲಾಸು ಶುರುವಾದ ಮೇಲೆ ಮಕ್ಕಳಿಗೆ ಹೊಸ ನೋಟ್ಸ್ ಕೊಟ್ಟು ಒಂದೇ ಮಾತು ಹೇಳಿದೆ. ಇದರಲ್ಲಿ ತಪ್ಪು ಹುಡುಕಿ, ಹುಡುಕಿದವರ ಹೆಸರು ಒಳಗೆ ಹಾಕ್ತೀನಿ ಅಂತ. ಎರಡು ದಿನ ಯಾರೂ ಬಾಯಿ ಬಿಡಲಿಲ್ಲ. ಮೇಡಂ ಪರೀಕ್ಷೆ ಮಾಡ್ತಿದ್ದಾರೆ ಅಂದುಕೊಂಡರೋ ಏನೋ. ಮೂರನೇ ದಿನ ಕೊನೇ ಬೆಂಚಿನ ಒಬ್ಬ ಹುಡುಗ, ಅಟೆಂಡೆನ್ಸಿನಲ್ಲಿ ಬಿಟ್ಟರೆ ಅವನ ದನಿ ನಾನು ಕೇಳಿರಲಿಲ್ಲ, ಎದ್ದು ನಿಂತ.

"ಮೇಡಂ, ಹನ್ನೊಂದನೇ ಪೇಜಿನ್ಯಾಗ ತಪ್ಪೈತ್ರಿ. ತಾಳಿಕೋಟ್ಯಾಗ ಯುದ್ಧ ಆಗಿಲ್ರಿ. ನಮ್ಮೂರ ಕಡೆ ಆಗಿದ್ದದು."

ಅವನ ಊರು ಮುದ್ದೇಬಿಹಾಳ ತಾಲೂಕು, ತಂಗಡಗಿ ಹತ್ತಿರ. ನೋಟ್ಸಿನಲ್ಲಿ ನಾನು ಬರೆದಿದ್ದು '1565ರಲ್ಲಿ ತಾಳಿಕೋಟೆಯ ಬಯಲಿನಲ್ಲಿ ಸೈನ್ಯಗಳು ಎದುರಾದವು' ಅಂತ. ಅಷ್ಟು ವರ್ಷ ಅದನ್ನೇ ಬರೆಸಿದ್ದೆ. ತಾಳಿಕೋಟೆ ಕದನ ಅನ್ನೋದು ಹೆಸರು ಮಾತ್ರ. ತಾಳಿಕೋಟೆಯಿಂದ ಕೃಷ್ಣಾ ನದಿಯ ಆ ಜಾಗ ಮೂವತ್ತು ಕಿಲೋಮೀಟರಿಗಿಂತ ಜಾಸ್ತಿ ದೂರ. ಅಲ್ಲಿನ ಊರುಗಳು ತಂಗಡಗಿ, ರಕ್ಕಸಗಿ. ಅದಕ್ಕೇ ರಕ್ಕಸಗಿ-ತಂಗಡಗಿ ಯುದ್ಧ ಅಂತ ಕರೆಯೋದು, ಬನ್ನಿಹಟ್ಟಿ ಅನ್ನುವವರೂ ಇದ್ದಾರೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ 'ಬಯಲಿನಲ್ಲಿ' ಅನ್ನುವ ಒಂದು ಪದ ಪುಸ್ತಕದಿಂದ ಬಂದು ನನ್ನ ಬಾಯಲ್ಲಿ ಕೂತುಬಿಟ್ಟಿತ್ತು. ಹುಡುಗ ಬೋರ್ಡಿಗೆ ಬಂದು ಹೊಳೆ ಎಲ್ಲಿ, ನೀಲಮ್ಮನ ಗುಡಿ ಎಲ್ಲಿ, ಆಚೆ ದಂಡೆ ಎಲ್ಲಿ ಅಂತ ಗೆರೆ ಎಳೆದು ತೋರಿಸಿದ. ಆ ನಕ್ಷೆಯ ಫೋಟೋ ತೆಗೆದು ನೋಟ್ಸಿಗೇ ಹಾಕಿದೆ, ಕೆಳಗೆ ಅವನ ಹೆಸರು ಸೇರಿಸಿದೆ. ಸಂಜೆ ನೋಡಿದರೆ ಆ ಪುಟ ಅವನ ವಾಟ್ಸಾಪ್ ಸ್ಟೇಟಸ್ಸಿನಲ್ಲಿತ್ತು. ಮರುದಿನ ಹದಿನಾಲ್ಕು ತಪ್ಪು ಬಂದವು! ಅದರಲ್ಲಿ ಒಂಬತ್ತು ನಿಜವಾಗಿಯೂ ತಪ್ಪೇ.

ಫ್ರೀ ಬೇರೆ, ಮುಕ್ತ ಬೇರೆ ಅಂತ ತಿಳಿಸೋದು ಕಷ್ಟ ಅಂದುಕೊಂಡಿದ್ದೆ. ನೆಟ್ಟಲ್ಲಿ ಸಿಕ್ಕಿದ್ದೆಲ್ಲಾ ನಮ್ಮದೇ ಅನ್ನೋದು ಎಲ್ಲರ ಲೆಕ್ಕ. ಯೂಟ್ಯೂಬಿನ ವಿಡಿಯೋ ಪುಕ್ಕಟೆ ನೋಡಬಹುದು, ಆದರೆ ಕತ್ತರಿಸಿ ಕನ್ನಡದ ದನಿ ಹಾಕಿ ಮತ್ತೆ ಏರಿಸಬಹುದಾ? ಹಾಕಿದವರು ಕ್ರಿಯೇಟಿವ್ ಕಾಮನ್ಸ್ ಆರಿಸಿದ್ದರೆ ಮಾತ್ರ. ವೈಲಿಯ ಐದು 'ಆರ್' ಕನ್ನಡದಲ್ಲಿ ಬೋರ್ಡಿನ ಮೇಲೆ ಬರೆದೆ: ಇಟ್ಟುಕೊಳ್ಳೋದು, ಬಳಸೋದು, ತಿದ್ದೋದು, ಕೂಡಿಸೋದು, ಹಂಚೋದು. ಮುಂದಿನ ಬೆಂಚಿನ ಒಬ್ಬಳು ತಟ್ಟನೆ "ಜವಾರಿ ಬೀಜ ಇದ್ದಂಗ ಅಲ್ರಿ ಮೇಡಂ?" ಅಂದಳು. ಅವರಪ್ಪ ಮಾಲ್ದಂಡಿ ಜೋಳದ ಒಳ್ಳೆ ತೆನೆ ಆರಿಸಿ ಮುಂದಿನ ಬಿತ್ತಿಗೆ ಎತ್ತಿಡುತ್ತಾರಂತೆ, ಕೇಳಿದವರಿಗೂ ಕೊಡುತ್ತಾರಂತೆ. ಹೈಬ್ರಿಡ್ ಆದ್ರೆ ಪ್ರತಿ ವರ್ಷ ಅಂಗಡಿಗೇ ಹೋಗಬೇಕು. ಆಮೇಲೆ ಸ್ಟಾಫಿಗೆ ಹೇಳುವಾಗಲೂ ನಾನು ಇದನ್ನೇ ಹೇಳುವುದು, ಅವಳ ಹೆಸರು ಹೇಳಿಯೇ.

ಲೈಸೆನ್ಸುಗಳಲ್ಲಿ ನಮ್ಮಂಥವರು ಗಮನಿಸಬೇಕಾದ್ದು 'ಎನ್‌ಡಿ' ಅನ್ನುವ ಎರಡು ಅಕ್ಷರ. ಹಂಚಬಹುದು, ಆದರೆ ಬದಲಾಯಿಸಿ ಹಂಚೋ ಹಾಗಿಲ್ಲ ಅಂತ ಅದರ ಅರ್ಥ. ಅನುವಾದವೂ ಬದಲಾವಣೆಯೇ. ಅಂದಮೇಲೆ ಇಂಗ್ಲಿಷಿನ ಒಂದು ಎನ್‌ಡಿ ಪಾಠ ಎಷ್ಟು ಚೆನ್ನಾಗಿದ್ದರೂ ಅದನ್ನು ಕನ್ನಡಕ್ಕೆ ತಂದು ಹಂಚೋಕೆ ಬರೋದಿಲ್ಲ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟಾಕ್ಸ್‌ನ ಹಲವು ಪುಸ್ತಕಗಳು 'ಸಿಸಿ ಬೈ', ಹೆಸರು ಹೇಳಿದರೆ ಸಾಕು, ಅನುವಾದ ಮಾಡಬಹುದು. ನಮ್ಮ ರಾಜ್ಯದಲ್ಲಿ ಶಾಲಾ ಶಿಕ್ಷಕರಿಗೆ ಕೆಒಇಆರ್ ಅಂತ ವಿಕಿ ಮಾದರಿಯ ಮುಕ್ತ ಭಂಡಾರವೇ ಇದೆ. ಡಿಗ್ರಿಗೆ ಬಂದ ಕೂಡಲೇ ಕನ್ನಡ ಮಾಧ್ಯಮದ ಮಕ್ಕಳ ಕೈಗೆ ಸಿಗೋದು ಗೈಡು, ಇಲ್ಲವೇ ಆ ಝೆರಾಕ್ಸ್ ಬಂಡಲು.

ಅಸೈನ್‌ಮೆಂಟಿನ ಕಥೆ ಇನ್ನೂ ಮಜಾ. ಇಂಟರ್ನಲ್ ಮಾರ್ಕ್ಸಿಗೆ ಮಕ್ಕಳು ಎ4 ಹಾಳೆಗೆ ಬಾರ್ಡರ್ ಹಾಕಿ, ಮುಖಪುಟಕ್ಕೆ ಹೂವು ಬರೆದು, ಒಬ್ಬರದನ್ನು ಒಬ್ಬರು ನೋಡಿ ಬರೆದು ಕೊಡ್ತಾರೆ. ನಾವು ಟಿಕ್ ಹಾಕ್ತೀವಿ. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬಂದು ಹೋಗೋವರೆಗೆ ಗಂಟು ಕಟ್ಟಿ ಇಡ್ತೀವಿ, ಆಮೇಲೆ ರದ್ದಿಗೆ. ಅದನ್ನು ನಿಲ್ಲಿಸಿ, ನಿಮ್ಮೂರಿನ ಅಥವಾ ಈ ಊರಿನ ಒಂದು ಹಳೇ ಬಾವಿ, ಶಾಸನ, ಗುಡಿ, ದರ್ಗಾ ಯಾವುದಾದರೂ ನೋಡಿ ಬಂದು, ಫೋಟೋ ತೆಗೆದು, ಎರಡು ಪುಟ ಬರೆಯಿರಿ ಅಂದೆ. ತಾಜ್ ಬಾವಡಿಗೆ ಮೂವರು ಹೋದರು, ಸುರಂಗ ಬಾವಡಿಗೆ ಇಬ್ಬರು. ಚೆನ್ನಾಗಿ ಬಂದಿದ್ದನ್ನು ಕನ್ನಡ ವಿಕಿಪೀಡಿಯಾಕ್ಕೂ, ಅದರ ಫೋಟೋ ಭಂಡಾರವಾದ ವಿಕಿಮೀಡಿಯಾ ಕಾಮನ್ಸಿಗೂ ಹಾಕೋಣ ಅಂತ ಮಾತಾಯಿತು.

ಅಲ್ಲಿ ಚೆನ್ನಾಗಿ ಪೆಟ್ಟು ತಿಂದೆವು. ಒಬ್ಬ ಗೂಗಲ್ಲಿನಿಂದ ಗೋಲಗುಮ್ಮಟದ ಚಂದದ ಫೋಟೋ ಇಳಿಸಿಕೊಂಡು 'ನನ್ನ ಸ್ವಂತ ಕೆಲಸ' ಅಂತ ಏರಿಸಿದ, ಅಳಿಸಿ ಹಾಕಿದರು. ಗೋಲಗುಮ್ಮಟ ನಡೆದು ಹೋಗುವಷ್ಟು ದೂರದಲ್ಲಿದೆ, ಜೇಬಿನಲ್ಲಿ ಮೊಬೈಲ್ ಇದೆ! ಇನ್ನೊಬ್ಬಳು ಪೇಪರಿನ ಲೇಖನವನ್ನೇ ಇಳಿಸಿದ್ದಳು, ಅದೂ ಹೋಯಿತು. ಇನ್ನೊಬ್ಬ ತನ್ನ ಊರ ದೇವಿಯ ಬಗ್ಗೆ ಅಜ್ಜಿ ಹೇಳಿದ ಕಥೆಯನ್ನು ತುಂಬಾ ಪ್ರೀತಿಯಿಂದ ಬರೆದಿದ್ದ. ಆಧಾರ ಇಲ್ಲ ಅಂತ ಅದನ್ನೂ ತೆಗೆದರು. ಅವನಿಗೆ ಅಳು ಬಂದಿತ್ತು. ಇದು ನನ್ನ ತಪ್ಪು. ಅಜ್ಜಿಯ ಕಥೆಗೆ ವಿಕಿಪೀಡಿಯಾ ಜಾಗ ಅಲ್ಲ, ಪ್ರಕಟವಾದ ಆಧಾರ ಇದ್ದಿದ್ದಕ್ಕೆ ಮಾತ್ರ ಅಲ್ಲಿ ಜಾಗ ಅಂತ ನಾನು ಮೊದಲೇ ಹೇಳಬೇಕಿತ್ತು. ಅವನ ಬರಹ ಈಗ ನಮ್ಮ ನೋಟ್ಸಿನ ಕೊನೆಯಲ್ಲಿ ಇದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಕಲಿತೆ. ಒಬ್ಬಳ ಅಣ್ಣ ಕಾಲೇಜಿಗೇ ಬಂದು "ನಮ್ಮ ತಂಗಿ ಹೆಸರು ಇಂಟರ್ನೆಟ್ಟಿನ್ಯಾಗ ಯಾಕ್ರಿ?" ಅಂದ. ಸಿಟ್ಟಿನಲ್ಲಿ ಬಂದಿದ್ದರೂ ಕೇಳಿದ್ದು ಸರಿಯಾದ ಪ್ರಶ್ನೆಯೇ. ಅಸೈನ್‌ಮೆಂಟಿನ ಹಕ್ಕು ಬರೆದವರದು, ಮೇಡಂ ಕೇಳಿದರು ಅಂತ ಮುಕ್ತ ಮಾಡಬೇಕಾಗಿಲ್ಲ. ಈಗ ಮಾರ್ಕ್ಸು ಬರೆದದ್ದಕ್ಕೆ ಮಾತ್ರ. ಹಾಕೋದು ಬಿಡೋದು ಅವರಿಷ್ಟ, ಹಾಕಿದರೆ ಅಡ್ಡಹೆಸರಿನಲ್ಲೂ ಹಾಕಬಹುದು. ಆ ಹುಡುಗಿ 'ಬಿಳಿಜೋಳ' ಅನ್ನುವ ಹೆಸರಿನಲ್ಲಿ ಹಾಕಿದಳು.

ಸ್ಟಾಫಿನಲ್ಲಿ ಮೊದಲು ಜೊತೆಯಾದವರು ಕನ್ನಡ ವಿಭಾಗದ ಸರ್, ಅದೂ ಫ.ಗು. ಹಳಕಟ್ಟಿಯವರಿಂದಾಗಿ. ನಮ್ಮಲ್ಲಿ ಕಾಪಿರೈಟ್ ಇರೋದು ಲೇಖಕರು ತೀರಿಕೊಂಡ ಮೇಲೆ 60 ವರ್ಷ, ಅದರ ಲೆಕ್ಕ ಮುಂದಿನ ಜನವರಿಯಿಂದ. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ. ಅಂದರೆ 2025ರ ಜನವರಿ 1ರಿಂದ ಅವರು ಬರೆದದ್ದು ಎಲ್ಲರದೂ. ಇದನ್ನು ಹೇಳಿದಾಗ ಸರ್ ಕೈಯಲ್ಲಿದ್ದ ಚಹಾ ಕೆಳಗಿಟ್ಟರು. ಇದೇ ಊರಿನಲ್ಲಿ ವಕೀಲಿಕೆ ಮಾಡುತ್ತಾ, ಮನೆ ಮನೆ ತಿರುಗಿ ತಾಳೆಗರಿ ಕೂಡಿಸಿ, ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿ ವಚನಗಳನ್ನು ಅಚ್ಚು ಮಾಡಿದ ಮನುಷ್ಯ. "ಅವರು ಆವಾಗೇ ಓಪನ್ ಮಾಡಿದ್ರಲ್ರಿ ಮೇಡಂ, ನಾವು ಈಗ ಟೈಪ್ ಮಾಡೂದಷ್ಟೇ" ಅಂದರು. ಅವರ ಕ್ಲಾಸಿನ ಮಕ್ಕಳು ವಿಕಿಸೋರ್ಸಿಗೆ, ಅಂದರೆ ಹಳೇ ಪುಸ್ತಕಗಳ ಮುಕ್ತ ಆನ್‌ಲೈನ್ ಗ್ರಂಥಾಲಯಕ್ಕೆ, ಪುಟ ಟೈಪ್ ಮಾಡೋದು ಕಲಿಯುತ್ತಿದ್ದಾರೆ. ಆಮೇಲೆ ಊಟದ ಹೊತ್ತಿನ ಆ ಹಿರಿಯ ಸರ್ ಕೂಡ ಒಂದು ಅಧ್ಯಾಯ ಕೊಟ್ಟರು. ಒಂದೇ ಒಂದು, ಆದರೆ ಪೂರ್ತಿ ಅವರದೇ ಮಾತು.

ನನ್ನ ನೋಟ್ಸಿಗೆ ಯಾವ ಲೈಸೆನ್ಸ್ ಹಾಕೋದು ಅಂತ ಬಹಳ ದಿನ ಯೋಚಿಸಿದೆ. 'ಎನ್‌ಸಿ' ಹಾಕಿದರೆ ಯಾರೂ ವ್ಯಾಪಾರ ಮಾಡೋ ಹಾಗಿಲ್ಲ, ಕೇಳೋಕೆ ಚಂದ. ಆದರೆ ಎದುರಿನ ಅಂಗಡಿಯವನು ಬಂಡಲು ಮಾರದೇ ಇದ್ದರೆ ಪ್ರಿಂಟರ್ ಇಲ್ಲದ, ಮೊಬೈಲ್ ಒಡೆದ ಮಕ್ಕಳು ಎಲ್ಲಿಗೆ ಹೋಗಬೇಕು? ಅದಕ್ಕೇ 'ಬೈ-ಎಸ್‌ಎ' ಹಾಕಿದೆ. ಮಾರಲಿ, ಆದರೆ ಹೆಸರು ಇರಲಿ, ತಿದ್ದಿದರೆ ತಿದ್ದಿದ್ದನ್ನೂ ಇದೇ ಷರತ್ತಿನಲ್ಲಿ ಕೊಡಲಿ.

ಹೊಸ ಪಿಡಿಎಫ್ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ನಾನೇ ಹೋಗಿ ಕೊಟ್ಟೆ. ಮೇಡಂ ಅಂದ್ರೆ ನಾನೇ ಅಂತ ಆವತ್ತು ಅವನಿಗೆ ಗೊತ್ತಾಗಿ ಪಾಪ ಬೆವರಿದ. ರೊಕ್ಕ ಕೊಡಬೇಕೇನ್ರಿ ಅಂತ ಕೇಳಿದ. ಬೇಡ, ಮೊದಲನೇ ಪುಟ ಮಾತ್ರ ಕೀಳಬೇಡ ಅಂದೆ. ಮೊನ್ನೆ ಹೋದಾಗ ಹೊಸ ಬಂಡಲು ಕೌಂಟರಿನ ಮೇಲಿತ್ತು, ಎಪ್ಪತ್ತು ರೂಪಾಯಿ, ಬೋರ್ಡಿನ ನಕ್ಷೆ ಸ್ವಲ್ಪ ಕಪ್ಪಗೆ ಬಂದಿದೆ. ಅದರ ಪಕ್ಕದಲ್ಲೇ ಹೆಬ್ಬೆರಳಿನ ನೆರಳಿನ ಹಳೇದೂ ಇತ್ತು.

"ಇದನ್ಯಾಕೆ ಇನ್ನೂ ಇಟ್ಟೀಯಪ್ಪಾ? ಇದರಲ್ಲಿ ತಪ್ಪಿದೆ" ಅಂದೆ.

"ಹನ್ನೆರಡ ಉಳದಾವ್ರಿ ಮೇಡಂ, ಖಾಲಿ ಆಗ್ಲಿ ತಡೀರಿ."