ಟೊಮೆಟೊ ಮಂಡಿಯಿಂದ ಮಾವಿನ ಬಾಕ್ಸಿಗೆ: ಡಿಸೈನಿಗೆ ನಾನು ಐಡಿಯಾ ಹುಡುಕುವ ದಾರಿ

ಶ್ರೀನಿವಾಸಪುರದ ಮಾವು ಬೆಳೆಗಾರರೊಬ್ಬರಿಗೆ ನಾನು ಮಾಡಿಕೊಟ್ಟ ಮೂರು ಕೆಜಿ ಬಾಕ್ಸ್ ಬಗ್ಗೆ ಈಗ ಬೇರೆ ಡಿಸೈನರ್‌ಗಳೂ ಫೋನ್ ಮಾಡಿ ಕೇಳುತ್ತಾರೆ. ಕಂದು ರಟ್ಟು, ಒಂದೇ ಬಣ್ಣ, ಒಂದು ದೊಡ್ಡ ಅಕ್ಷರ. ಅಷ್ಟೇ. ರೆಫರೆನ್ಸ್ ಎಲ್ಲಿಂದ ತಗೊಂಡ್ರಿ ಅಂದರೆ ಕೋಲಾರದ ಟೊಮೆಟೊ ಮಂಡಿಯಿಂದ ಅನ್ನುತ್ತೇನೆ. ಅರ್ಧ ಜನ ನಂಬುವುದಿಲ್ಲ. ನಾನು ಈ ದಾರಿ ಹಿಡಿದಾಗಲೂ ಯಾರೂ ನಂಬಿರಲಿಲ್ಲ. ಈಗ ಅದು ಕೈ ಹಿಡಿದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕೋಲಾರದಲ್ಲಿ ನನ್ನದು ಚಿಕ್ಕ ಸ್ಟುಡಿಯೋ. ಲಗ್ನಪತ್ರಿಕೆ, ಅಂಗಡಿ ಬೋರ್ಡು, ಲೇಬಲ್ಲು, ಪೌಚು, ಲೋಗೋ ಎಲ್ಲಾ ಮಾಡುತ್ತೇನೆ. ಮೊದಲು ನಾನೂ ಎಲ್ಲರ ಹಾಗೆ ಪಿಂಟರೆಸ್ಟು, ಬಿಹಾನ್ಸು ಥರದ ವೆಬ್‌ಸೈಟು ನೋಡಿ ಚಿತ್ರ ಕೂಡಿಹಾಕಿಕೊಂಡು ಕೆಲಸಕ್ಕೆ ಕೂರುತ್ತಿದ್ದೆ. ಒಂದು ಸಿರಿಧಾನ್ಯದ ಪೌಚಿಗೆ ವಾರಗಟ್ಟಲೆ ಕೂತು ಲೇಔಟ್ ಮಾಡಿದೆ. ನೋಡಿದರೆ ಬೆಂಗಳೂರಿನ ಇನ್ನೊಂದು ಕಂಪನಿಯ ಪ್ಯಾಕೂ ಹೆಚ್ಚುಕಡಿಮೆ ಹಾಗೇ ಇತ್ತು. ಆ ಪ್ಯಾಕನ್ನ ನಾನು ನೋಡಿಯೇ ಇರಲಿಲ್ಲ. ಇಬ್ಬರೂ ಪರದೆ ಮೇಲಿನ ಒಂದೇ ಚಿತ್ರದಿಂದ ಶುರು ಮಾಡಿದ್ದೆವು, ಅಷ್ಟೇ. ಕ್ಲೈಂಟ್ ಬಾಕಿ ಹಣ ಕೊಡಲಿಲ್ಲ. ಸುಮಾರು ಹನ್ನೆರಡು ಸಾವಿರದ ಕೆಲಸಕ್ಕೆ ಕೈಗೆ ಬಂದದ್ದು ನಾಲ್ಕು ಸಾವಿರ ಅಡ್ವಾನ್ಸ್ ಮಾತ್ರ.

ಆಮೇಲೆ ಒಂದು ನಿಯಮ ಹಾಕಿಕೊಂಡೆ. ಬೆಳಗ್ಗೆ ಬೈಕಿನಲ್ಲಿ ಹೊರಟು ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದಾದಷ್ಟು ದೂರದೊಳಗೇ ಐಡಿಯಾ ಹುಡುಕಬೇಕು. ಬೆಂಗಳೂರಿನ ಗೆಳೆಯರು ಸುಮ್ನೆ ಟೈಮ್ ವೇಸ್ಟ್ ಅಂದರು. ಪ್ರಿಂಟಿಂಗ್ ಪ್ರೆಸ್ಸಿನವರೊಬ್ಬರು "ಕೋಲಾರದಲ್ಲಿ ನೋಡೋಕೆ ಏನಿದೆ ಸಾರ್, ಧೂಳು ಬಿಟ್ರೆ" ಅಂದರು.

ಮೊದಲ ಒಂದು ವರ್ಷ ಅವರ ಮಾತೇ ನಿಜ ಅನ್ನಿಸುವಂತಿತ್ತು. ಸಿಕ್ಕಿದ್ದೆಲ್ಲ ಫೋಟೋ ತೆಗೆದೆ. ಲಾರಿ ಬಾಡಿ, ಹಳೇ ಬಾಗಿಲು, ಹೂವಿನಂಗಡಿ. ಫೋನ್ ತುಂಬಿತು, ಒಂದೂ ಉಪಯೋಗಕ್ಕೆ ಬರಲಿಲ್ಲ. ಫೋಟೋ ತೆಗೆದ ತಕ್ಷಣ ಕಣ್ಣು ನೋಡುವುದು ನಿಲ್ಲಿಸುತ್ತದೆ. ಆಮೇಲೆ ದೇವಸ್ಥಾನದ ಕಡೆ ಹೋದೆ. ಊರೊಳಗೇ ವಿಜಯನಗರ ಕಾಲದ ಸೋಮೇಶ್ವರ ದೇವಸ್ಥಾನ ಇದೆ. ಕಲ್ಯಾಣ ಮಂಟಪದ ಕಂಬಗಳ ಕೆತ್ತನೆ ನೋಡಿ, ಅದನ್ನೇ ಬಾರ್ಡರ್ ಮಾಡಿ ಒಂದು ಸೀರೆ ಅಂಗಡಿಯ ಕವರಿಗೂ ಒಂದು ಬೇಕರಿಯ ಡಬ್ಬಿಗೂ ಹಾಕಿದೆ. ಎರಡೂ ವಾಪಸ್ ಬಂದವು. ಬೇಕರಿಯವರು "ಪ್ರವಾಸೋದ್ಯಮದ ಪೋಸ್ಟರ್ ಥರ ಇದೆ" ಅಂದರು. ಕೆತ್ತನೆಯನ್ನ ಹಾಗೇ ಎತ್ತಿ ತಂದರೆ ಅದು ಅಲಂಕಾರವಾಗಿಯೇ ಉಳಿಯುತ್ತದೆ. ಅದು ಹೇಗೆ ನಿಂತಿದೆ, ಯಾಕೆ ಹಾಗಿದೆ ಅಂತ ಗೊತ್ತಾದ ಮೇಲೆ ಮಾತ್ರ ನಮ್ಮ ಕೆಲಸಕ್ಕೆ ಬರುತ್ತದೆ.

ಅದಕ್ಕೇ ಈಗ ಮೊದಲು ಪೆನ್ಸಿಲ್, ಆಮೇಲೆ ಫೋನು. ದಿನಕ್ಕೆ ಒಂದೇ ವಸ್ತುವಿನ ಚಿತ್ರ. ಚೆನ್ನಾಗಿ ಬರೆಯಬೇಕು ಅಂತೇನಿಲ್ಲ. ಪಕ್ಕದಲ್ಲಿ ಒಂದು ಸಾಲು, ಇದನ್ನ ಮಾಡಿದವರಿಗೆ ಏನು ಕಷ್ಟ ಇತ್ತು ಅಂತ. ಆ ಒಂದು ಸಾಲೇ ಮುಖ್ಯ. ಬರೆದದ್ದನ್ನ ಒಂದು ತಿಂಗಳಾದರೂ ಮುಟ್ಟುವುದಿಲ್ಲ. ಆಮೇಲೆ ಹಾಳೆ ಹರಿದು ಡಬ್ಬಿಗಳಿಗೆ ಹಾಕುತ್ತೇನೆ. ಡಬ್ಬಿಗಳನ್ನ ಯಾವ ಲೆಕ್ಕದಲ್ಲಿ ವಿಂಗಡಿಸುತ್ತೇನೆ ಅನ್ನುವುದನ್ನ ಮಾತ್ರ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಬಣ್ಣ, ಆಕಾರ ಅಂತ ವಿಂಗಡಿಸಿದರೆ ಮಾತ್ರ ಏನೂ ಸಿಗಲ್ಲ, ಅಷ್ಟು ಹೇಳಬಲ್ಲೆ.

ಮಂಡಿ ವಿಷಯಕ್ಕೆ ಬರುತ್ತೇನೆ. 2023ರ ಜುಲೈನಲ್ಲಿ 15 ಕೆಜಿ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತಲ್ಲ, ಆಗ ಎ.ಪಿ.ಎಂ.ಸಿ. ತುಂಬ ಟಿವಿಯವರು. ಎಲ್ಲರಿಗೂ ರೇಟಿನದೇ ಮಾತು. ನಾನು ನೋಡುತ್ತಿದ್ದದ್ದು ಕ್ರೇಟಿನ ಮೇಲಿನ ಅಕ್ಷರ. ಅಲ್ಲಿನ ಪ್ರತಿ ಮಂಡಿ ಅಂಗಡಿಗೂ ಒಂದು ಗುರುತು. ಎರಡೋ ಮೂರೋ ಅಕ್ಷರ, ಒಂದು ಬಣ್ಣ. ಸಾವಿರಾರು ಕ್ರೇಟು ಒಂದರ ಮೇಲೊಂದು ನಿಂತಿರುತ್ತವೆ. ಹಮಾಲಿ ತಲೆಯೆತ್ತಿ ಒಂದು ಸಲ ನೋಡಿದರೆ ಸಾಕು, ಇದು ಯಾರದ್ದು ಅಂತ ಗೊತ್ತಾಗುತ್ತದೆ. ಕೆಸರು ಮೆತ್ತಿದ್ದರೂ, ಅರ್ಧ ಅಳಿಸಿದ್ದರೂ ಗೊತ್ತಾಗುತ್ತದೆ. ನಮ್ಮ ಎಷ್ಟು ಲೋಗೋಗಳು ಆ ಪರೀಕ್ಷೆ ಪಾಸಾಗುತ್ತವೆ ಹೇಳಿ?

ಹತ್ತಿರ ಹೋಗಿ ನೋಡಿದರೆ ಬಹಳಷ್ಟು ಸ್ಟೆನ್ಸಿಲ್ ಕೆಲಸ. ತಗಡು ಕತ್ತರಿಸಿ, ಮೇಲೆ ಬಣ್ಣ ಬಳಿಯುವುದು. ನಮ್ಮ ಅಕ್ಷರಗಳಿಗೆ ಸ್ಟೆನ್ಸಿಲ್ ಅಂದರೆ ದೊಡ್ಡ ತಲೆನೋವು. ಕನ್ನಡದಲ್ಲಿ ದುಂಡು ಜಾಸ್ತಿ. 'ರ' ಕತ್ತರಿಸಿದರೆ ಒಳಗಿನ ದುಂಡು ಉದುರಿಹೋಗುತ್ತದೆ. 'ಠ' ಅಂತೂ ಕೇಳಲೇಬೇಡಿ. ಹಾಗಾಗಿ ಕತ್ತರಿಸುವವರು ಅಲ್ಲಲ್ಲಿ ತಗಡಿನ ಸಣ್ಣ ಪಟ್ಟಿ ಬಿಡುತ್ತಾರೆ. ಆ ಪಟ್ಟಿ ಎಲ್ಲಿ ಬಿಟ್ಟರೆ ಅಕ್ಷರ ಕೆಡುವುದಿಲ್ಲ ಅನ್ನುವುದು ಅವರ ಕೈಗೆ ಗೊತ್ತು. ಕೆಲವರು ತಲೆಕಟ್ಟಿನ ಕೆಳಗೆ ಬಿಡುತ್ತಾರೆ, ಕೆಲವರು ಪಕ್ಕದಲ್ಲಿ. ಇಂಥವನ್ನೇ ಬರೆದು ಒಂದು ನೋಟ್‌ಬುಕ್ ತುಂಬಿಸಿದೆ.

ಇದೇ ಸಮಸ್ಯೆಯನ್ನ ಕಲ್ಲಿನಲ್ಲಿ ನೋಡಬೇಕಾದರೆ ನಂದಿ ಗ್ರಾಮದ ಭೋಗನಂದೀಶ್ವರಕ್ಕೆ ಹೋಗಿ. ದೇವಸ್ಥಾನ ಶುರುವಾದದ್ದು 9ನೇ ಶತಮಾನದಲ್ಲಿ. ಅದರ ಜಾಲಂಧ್ರದಲ್ಲಿ, ಅಂದರೆ ಕಲ್ಲು ಕೊರೆದು ಮಾಡಿದ ಕಿಟಕಿಯಲ್ಲಿ, ನಟರಾಜ ಇದ್ದಾನೆ. ಕೈ, ಕಾಲು ಎಲ್ಲ ಪಕ್ಕದ ಕಲ್ಲಿಗೆ ಎಲ್ಲಾದರೂ ಅಂಟಿಕೊಂಡಿರಲೇಬೇಕು, ಇಲ್ಲವಾದರೆ ಕಿಟಕಿಯೇ ಉಳಿಯುತ್ತಿರಲಿಲ್ಲ. ಅಂಟಿಕೊಂಡಿದೆ ಅಂತ ನಮಗೆ ಅನ್ನಿಸುವುದೇ ಇಲ್ಲ. ಎಂಥಾ ಕೆಲಸ! ಟೊಮೆಟೊ ಕ್ರೇಟು ನೋಡಿರದಿದ್ದರೆ ಆ ಕಿಟಕಿ ನನಗೆ ಅರ್ಥವಾಗುತ್ತಿರಲಿಲ್ಲ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ನಮ್ಮ ಕಡೆಯ ಕೆಂಪು ಮಣ್ಣನ್ನೇ ಸೋಸಿ ಸ್ಕ್ರೀನ್ ಪ್ರಿಂಟಿಂಗಿಗೆ ಬಣ್ಣ ಮಾಡಲು ಹೋದೆ. ಬಟ್ಟೆಯಲ್ಲಿ ಸೋಸಿದರೂ ಫ್ರೇಮಿನ ಜಾಲರಿ (ಮೆಶ್) ಕಟ್ಟಿಕೊಂಡಿತು. ಎರಡು ಫ್ರೇಮ್ ಹಾಳು, ಒಂದೂವರೆ ಸಾವಿರ ಹೋಯ್ತು. ಬಣ್ಣವಂತೂ ಚೆನ್ನಾಗಿತ್ತು, ಒರೆಸಿದರೆ ಬರುತ್ತಿತ್ತು. ಅದನ್ನ ಬಿಟ್ಟೆ. ಆದರೆ ಆ ಮಣ್ಣಿನ ಮುದ್ದೆ ಈಗಲೂ ಮೇಜಿನ ಮೇಲಿದೆ, ಕೆಂಪು ಹೊಂದಿಸುವಾಗ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ಕೆಜಿಎಫ್‌ನ ಸೈನೈಡ್ ದಿಬ್ಬಗಳ, ಅಂದರೆ ಚಿನ್ನ ತೆಗೆದು ಸುರಿದ ಗಣಿ ಮಣ್ಣಿನ ಗುಡ್ಡಗಳ, ಬಣ್ಣಕ್ಕೂ ಆಸೆಪಟ್ಟಿದ್ದೆ. ಗಣಿ 2001ರಲ್ಲಿ ಮುಚ್ಚಿದರೂ ದಿಬ್ಬ ಹಾಗೇ ಇವೆ. ಆ ಮಣ್ಣು ಮುಟ್ಟುವಂಥದ್ದಲ್ಲ. ರಸ್ತೆಯಲ್ಲಿ ನಿಂತು ಬಣ್ಣದ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಬಂದೆ. ಆ ಬೂದು ಒಂದು ಲಗ್ನಪತ್ರಿಕೆಯ ಹಿನ್ನೆಲೆಯಾಯ್ತು. ಹುಡುಗಿಯ ಕಡೆಯವರಿಗೆ ತುಂಬ ಇಷ್ಟವಾಯ್ತು. ಎಲ್ಲಿಯ ಬಣ್ಣ ಅಂತ ನಾನು ಹೇಳಲಿಲ್ಲ.

ಶಿಡ್ಲಘಟ್ಟದ ಕಡೆ ರೇಷ್ಮೆ ಬೆಳೆಯುವವರ ಮನೆಗಳಲ್ಲಿ ಚಂದ್ರಿಕೆ ನೋಡಿರುತ್ತೀರಿ. ಬಿದಿರಿನ ಚಾಪೆ, ಅದರ ಮೇಲೆ ಸುರುಳಿಯಾಗಿ ನಿಲ್ಲಿಸಿದ ಬಿದಿರಿನ ಪಟ್ಟಿ. ಹಣ್ಣಾದ ಹುಳು ಆ ಸಂದಿನಲ್ಲಿ ಗೂಡು ಕಟ್ಟುತ್ತದೆ. ಸಂದು ಜಾಸ್ತಿಯಾದರೆ ಹುಳುವಿಗೆ ಎಳೆ ಕಟ್ಟಲು ಆಸರೆ ಸಿಗಲ್ಲ. ಕಮ್ಮಿಯಾದರೆ ಎರಡು ಹುಳು ಸೇರಿ ಒಂದೇ ಗೂಡು ಕಟ್ಟಿಬಿಡುತ್ತವೆ, ಅದಕ್ಕೆ ಬೆಲೆ ಕಮ್ಮಿ. ನಾನು ಸುರುಳಿಯ ಚಂದ ನೋಡಲು ಹೋಗಿದ್ದೆ, ಸಂದಿನ ಅಳತೆ ತಗೊಂಡು ಬಂದೆ. ಮೊದಲು ವಾಪಸ್ ಮಾಡಿದ್ದ ಅದೇ ಸೀರೆ ಅಂಗಡಿಗೆ ಆ ಅಳತೆಯಲ್ಲಿ ಗೆರೆ ಹಾಕಿದ ಕವರ್ ಕೊಟ್ಟೆ. ಒಂದೇ ಸಲಕ್ಕೆ ಒಪ್ಪಿದರು. ಏಳು ಸಾವಿರ ಸಿಕ್ಕಿತು. ಅದು ನನ್ನ ಮೊದಲ ಗೆಲುವು.

ರಂಗೋಲಿ ಬಗ್ಗೆ ಜಾಸ್ತಿ ಬರೆಯಲ್ಲ. ನಮ್ಮಮ್ಮ ಹಾಕುವ 15ರಿಂದ 8ರ ಸಂದುಚುಕ್ಕಿ ಲೋಗೋಗೆ ಒಳ್ಳೆಯ ಗ್ರಿಡ್, ಹಾಕಿ ನೋಡಿ.

ಇನ್ನೊಂದು ದೊಡ್ಡ ಪಾಠಶಾಲೆ ಅಂದರೆ ಬೋರ್ಡ್ ಬರೆಯುವವರು. ಫ್ಲೆಕ್ಸ್ ಬಂದ ಮೇಲೆ ಬಹಳ ಜನ ಬಿಟ್ಟರು. ಉಳಿದವರಲ್ಲಿ ಒಬ್ಬ ಹಿರಿಯರ ಜೊತೆ ನಾನು ಹೋಗಿ ಕೂರುತ್ತೇನೆ. ನಮ್ಮ ಜಿಲ್ಲೆಯಲ್ಲಿ ಕನ್ನಡದ ಜೊತೆ ಮುಳಬಾಗಿಲು ಕಡೆ ತೆಲುಗು, ಕೆಜಿಎಫ್ ಕಡೆ ತಮಿಳು. ಅವರು ಮೂರನ್ನೂ ಬರೆಯುತ್ತಾರೆ. ನಾವು ಕಂಪ್ಯೂಟರಿನಲ್ಲಿ ಸಾಲು ಟೈಪ್ ಮಾಡಿ, ಆಮೇಲೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿತು ಅಂತ ಪರದಾಡುತ್ತೇವೆ. ಅವರು ಸೀಮೆಸುಣ್ಣದಲ್ಲಿ ಮೊದಲು ಒತ್ತಿಗೆ ಜಾಗ ಗುರುತು ಮಾಡುತ್ತಾರೆ. "ಒತ್ತು ಕೂತ ಮೇಲೆ ಅಕ್ಷರ ತಾನಾಗೇ ಕೂರುತ್ತಪ್ಪ" ಅಂತಾರೆ. ಈಗ ನಾನೂ ಹಾಗೇ ಮಾಡುತ್ತೇನೆ. ಬಾಲೂ ತಮ್ಮ, ಅನೇಕ್ ಇಂಥ ಫಾಂಟುಗಳನ್ನ ಬಳಸಿದರೂ ಹೆಡ್ಡಿಂಗಿನ ಒತ್ತುಗಳನ್ನ ಔಟ್‌ಲೈನ್ ಮಾಡಿ (ಅಕ್ಷರವನ್ನ ಚಿತ್ರವಾಗಿ ಬದಲಾಯಿಸಿ) ಕೈಯಲ್ಲೇ ಕೂರಿಸುತ್ತೇನೆ.

ಮಾವಿನ ಬಾಕ್ಸಿಗೆ ಇದೆಲ್ಲ ಒಟ್ಟಿಗೆ ಬಂತು. ಬೆಳೆಗಾರರು ಬಾದಾಮಿ, ಮಲ್ಲಿಕಾ ಹಣ್ಣನ್ನ ನೇರವಾಗಿ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಕಳಿಸುತ್ತಾರೆ. ಅವರ ಮಗ ನಾಲ್ಕು ಬಣ್ಣದ, ಲ್ಯಾಮಿನೇಷನ್ ಹಾಕಿದ, ಹಣ್ಣಿನ ಫೋಟೋ ಇರುವ ಬಾಕ್ಸ್ ಬೇಕು ಅಂದರು. ಎರಡು ಸಾವಿರ ಬಾಕ್ಸಿಗೆ ರೇಟು ಕೇಳಿದರೆ ಒಂದಕ್ಕೆ ನಲವತ್ತರ ಮೇಲೆ ಬಂತು. ನಾನು ಒಂದು ಬಣ್ಣದ ಫ್ಲೆಕ್ಸೋ, ಅಂದರೆ ಮೆತ್ತನೆಯ ಅಚ್ಚಿನಿಂದ ನೇರವಾಗಿ ರಟ್ಟಿನ ಮೇಲೆ ಒತ್ತುವ ಪ್ರಿಂಟಿಂಗು, ಹೇಳಿದೆ. ಆ ಅಚ್ಚಿಗೆ (ಸ್ಟೀರಿಯೋ) ಮೂರು ಸಾವಿರದ ಹತ್ತಿರ, ಬಾಕ್ಸಿಗೆ ಇಪ್ಪತ್ತಾರೋ ಇಪ್ಪತ್ತೇಳೋ. ಮಗನಿಗೆ ಇಷ್ಟವಿಲ್ಲ. "ಇದು ಚೀಪ್ ಆಗಿ ಕಾಣುತ್ತೆ" ಅಂತ ಹಟ. ಅಪ್ಪ ಲೆಕ್ಕ ನೋಡಿ ಒಪ್ಪಿದರು.

ಬಾಕ್ಸಿನ ನಾಲ್ಕೂ ಕಡೆ ಒಂದೇ 'ಮಾ'. ಸ್ಟೆನ್ಸಿಲಿನ ಹಾಗೆ ತುಂಡು ತುಂಡಾದ 'ಮಾ'. ಆ ತುಂಡುಗಳ ನಡುವಿನ ಸಂದು ಚಂದ್ರಿಕೆಯ ಅಳತೆ. ಒಂದರ ಪಕ್ಕ ಒಂದು ಜೋಡಿಸಿದರೆ ಅಕ್ಷರ ಮುಂದಿನ ಬಾಕ್ಸಿಗೆ ಹರಿದು ಒಂದು ಸಾಲಾಗುತ್ತದೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಐವತ್ತು ಬಾಕ್ಸ್ ಜೋಡಿಸಿಟ್ಟರೆ ಬೇರೆ ಬೋರ್ಡ್ ಬೇಕಾಗಲ್ಲ. ಕಂದು ರಟ್ಟಿನ ಮೇಲೆ ಕೆಂಪು ಮಂಕಾಗುತ್ತದೆ ಅಂತ ನಿಮಗೆಲ್ಲ ಗೊತ್ತು. ಮೊದಲ ಪ್ರೂಫ್ (ಮಾದರಿ ಪ್ರಿಂಟ್) ಇಟ್ಟಿಗೆ ಪುಡಿ ಬಣ್ಣ ಬಂತು, ಎರಡನೆಯದು ಕಾಫಿ ಬಣ್ಣ. ಪ್ರೆಸ್ಸಿನವರು ಕೈಚೆಲ್ಲಿದರು. ಮೂರನೆಯದಕ್ಕೆ ನಾನೇ ಇಂಕ್ ಬೆರೆಸಿಕೊಟ್ಟೆ. ಏನು ಬೆರೆಸಿದೆ ಅಂತ ಕೇಳಬೇಡಿ. ಆ ಕೆಂಪು ಈಗಲೂ ನನ್ನ ಹೊಟ್ಟೆಪಾಡು.

ಎರಡು ಸಾವಿರ ಬಾಕ್ಸ್ ಸೀಸನ್ ಮುಗಿಯುವ ಮೊದಲೇ ಖಾಲಿ. ಮುಂದಿನ ವರ್ಷ ಐದು ಸಾವಿರ ಹಾಕಿಸಿದರು. ಆ ಮಗನೇ ಫೋನ್ ಮಾಡಿ ಆರ್ಡರ್ ಕೊಟ್ಟದ್ದು. ಗಿರಾಕಿಗಳು ಬಾಕ್ಸ್ ಬಿಸಾಡದೆ ಪುಸ್ತಕ, ಚಪ್ಪಲಿ ಇಡುತ್ತಾರಂತೆ. ನನ್ನ ರೇಟೂ ಬದಲಾಯ್ತು. ಮೊದಲು ಪ್ಯಾಕೇಜಿಂಗಿಗೆ ಎಂಟು ಹತ್ತು ಸಾವಿರ ಹೇಳಲು ಹಿಂಜರಿಯುತ್ತಿದ್ದೆ. ಈಗ ಇಪ್ಪತ್ತೈದಕ್ಕೆ ಕಡಿಮೆ ಹಿಡಿಯಲ್ಲ. ಆ ಪ್ರೆಸ್ಸಿನವರು ಕ್ಲೈಂಟುಗಳನ್ನ ಅವರೇ ನನ್ನ ಹತ್ತಿರ ಕಳಿಸುತ್ತಾರೆ.

ಮಂಡಿಗೆ ಹೋಗುವುದಾದರೆ ಹರಾಜಿಗೆ ಮೊದಲೇ ಹೋಗಿ. ಹರಾಜು ಶುರುವಾದ ಮೇಲೆ ನಿಲ್ಲಲೂ ಜಾಗ ಇರಲ್ಲ, ಹಮಾಲಿಗಳ ದಾರಿಗೆ ಅಡ್ಡ ಆಗುತ್ತೀರಿ. ಮಂಡಿಯವರನ್ನ ಕೇಳಿಯೇ ಬರೆಯಿರಿ, ಬೇಡ ಅಂದವರು ನನಗಂತೂ ಸಿಕ್ಕಿಲ್ಲ. ನುಣುಪು ಹಾಳೆಯ ನೋಟ್‌ಬುಕ್ ಬೇಡ, ಬೆವರಿಗೆ ಪೆನ್ಸಿಲ್ ಜಾರುತ್ತದೆ. ಹಳೇ ಸ್ಟೆನ್ಸಿಲ್ ತಗಡು ಗುಜರಿಗೆ ಹೋಗುವ ಮುಂಚೆ ಕೇಳಿ ತಗೊಳ್ಳಿ, ಐವತ್ತೋ ನೂರೋ ಕೊಟ್ಟರೆ ಕೊಡುತ್ತಾರೆ. 'ಠ' ಇರುವ ತಗಡು ಸಿಕ್ಕರೆ ನನಗೊಂದು ಫೋಟೋ ಕಳಿಸಿ. ಅದನ್ನ ಎರಡೇ ಪಟ್ಟಿಯಲ್ಲಿ ನಿಲ್ಲಿಸಿದವರು ಇನ್ನೂ ನನಗೆ ಸಿಕ್ಕಿಲ್ಲ.